ಶೇ. 30 ಬದಲಾಯಿಸಿದರೆ ಡಿಸೈನ್ ನಮ್ಮದಾಗುತ್ತದಾ?

ಪ್ರಶ್ನೆ: "ಮೇಡಂ, ಬಟ್ಟೆ ಪ್ರಿಂಟ್ ಡಿಸೈನ್ ಸ್ಪರ್ಧೆಗೆ ಕಳಿಸಬೇಕು ಅಂತಿದ್ದೇನೆ. ಪಿಂಟರೆಸ್ಟ್‌ನಲ್ಲಿ ಒಂದು ಹೂವಿನ ಪ್ಯಾಟರ್ನ್ ಸಿಕ್ಕಿತು. ಅದರ ಬಣ್ಣ ಬದಲಾಯಿಸಿದ್ದೇನೆ, ಎಲೆ ತೆಗೆದಿದ್ದೇನೆ, ಎರಡು ಹಕ್ಕಿ ಸೇರಿಸಿದ್ದೇನೆ. ಶೇ. 30ಕ್ಕಿಂತ ಜಾಸ್ತಿನೇ ಬದಲಾಗಿದೆ. ಈಗ ಅದು ಒರಿಜಿನಲ್ ಅಲ್ವಾ?"

ಅಲ್ಲ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಈ ಪ್ರಶ್ನೆ ತಿಂಗಳಿಗೆ ಒಂದೆರಡು ಸಲವಾದರೂ ಬರುತ್ತದೆ. ನನ್ನ ಕ್ಲಾಸಿನಲ್ಲೇ ಬರುತ್ತದೆ, ಫೋನಿನಲ್ಲಿ ಬರುತ್ತದೆ, ಮದುವೆ ಮನೆಯಲ್ಲಿ ಪಕ್ಕದ ಎಲೆಗೆ ಕೂತವರಿಂದಲೂ ಬಂದಿದೆ. ಪ್ರತಿ ಸಲ ಅದೇ ಉತ್ತರ ಹೇಳಿ ಸಾಕಾಗಿದೆ, ಅದಕ್ಕೇ ಈ ಸಲ ಪೂರ್ತಿ ಬರೆದಿಡುತ್ತೇನೆ.

ಮೊದಲು ಸ್ಪರ್ಧೆಯ ಮಾತು. ನಮ್ಮವರು ಹೆಚ್ಚಾಗಿ ಕೇಳುವುದು ಸ್ಪೂನ್‌ಫ್ಲವರ್ ಬಗ್ಗೆ. 2008ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಶುರುವಾದ ಕಂಪನಿ ಅದು. ಅದನ್ನು ಕಟ್ಟಿದವರಲ್ಲಿ ಒಬ್ಬರ ಹೆಂಡತಿಗೆ ಪರದೆಗೆ ದೊಡ್ಡ ಹಳದಿ ಚುಕ್ಕಿಯ ಬಟ್ಟೆ ಬೇಕಿತ್ತಂತೆ, ಅಂಗಡಿಯಲ್ಲಿ ಸಿಗಲಿಲ್ಲ. ಬೇಕಾದ ಡಿಸೈನನ್ನು ನಾವೇ ಪ್ರಿಂಟ್ ಮಾಡಿಸಿಕೊಳ್ಳುವ ಹಾಗಿದ್ದರೆ ಎಷ್ಟು ಚೆನ್ನ ಅನ್ನುವ ಯೋಚನೆ ಅಲ್ಲಿಂದ ಹುಟ್ಟಿತು. ಅಲ್ಲಿನ ಸ್ಪರ್ಧೆ ನಡೆಯುವುದು ಹೀಗೆ: ಒಂದು ವಿಷಯ ಕೊಡುತ್ತಾರೆ, ನೀವು ಪ್ಯಾಟರ್ನ್ ಮಾಡಿ ಹಾಕುತ್ತೀರಿ, ಜನ ವೋಟ್ ಹಾಕುತ್ತಾರೆ. ಚಿತ್ರ ನಿಮ್ಮದೇ ಆಗಿರಬೇಕು ಅನ್ನುವುದು ಅಲ್ಲೂ ಇದೆ, ಬೇರೆ ಕಡೆಯ ಇಂಥ ಸ್ಪರ್ಧೆಗಳಲ್ಲೂ ಇದೆ.

ಈಗ ಆ ಶೇ. 30ಕ್ಕೆ ಬರೋಣ.

ಇಂಥ ಕಾನೂನು ಇಲ್ಲ. ಭಾರತದಲ್ಲಿಲ್ಲ, ಅಮೆರಿಕದಲ್ಲಿಲ್ಲ, ಇಂಗ್ಲೆಂಡಿನಲ್ಲೂ ಇಲ್ಲ. ಕೆಲವರು 30 ಅನ್ನುತ್ತಾರೆ, ಕೆಲವರು 20 ಅನ್ನುತ್ತಾರೆ, ಇನ್ನು ಕೆಲವರು "ಏಳು ಬದಲಾವಣೆ ಮಾಡಿದರೆ ಸಾಕು" ಅನ್ನುತ್ತಾರೆ. ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಲೆಕ್ಕ ಇದೆ ಅಂದರೆ ಅದು ಎಲ್ಲೂ ಬರೆದಿಟ್ಟ ನಿಯಮ ಅಲ್ಲ ಅಂತ ಅಲ್ಲೇ ಗೊತ್ತಾಗಬೇಕಿತ್ತು. ಅಳೆಯುವುದಾದರೂ ಏನನ್ನು, ಹೇಳಿ? ಹತ್ತು ದಳದ ಹೂವಿನಲ್ಲಿ ಮೂರು ದಳ ಕಿತ್ತರೆ 30 ಆಯಿತಾ? ಗುಲಾಬಿ ಬಣ್ಣವನ್ನು ನೀಲಿ ಮಾಡಿದರೆ ಅದಕ್ಕೆ ಎಷ್ಟು ಮಾರ್ಕ್ಸ್? ಕಂಪ್ಯೂಟರಿನಲ್ಲಿ ಒಂದು ಕ್ಲಿಕ್ ಮಾಡಿದರೆ ಬಟ್ಟೆಯ ಪ್ರತಿ ಚುಕ್ಕಿಯ ಬಣ್ಣವೂ ಬದಲಾಗುತ್ತದೆ. ಹಾಗಂತ ಅದು ಶೇ. 100 ನಿಮ್ಮದಾಯಿತಾ?

ನಮ್ಮ 1957ರ ಕಾಪಿರೈಟ್ ಕಾಯ್ದೆಯ 14ನೇ ಸೆಕ್ಷನ್ ನೋಡಿ. ಚಿತ್ರವನ್ನು ನಕಲು ಮಾಡುವ ಹಕ್ಕಿನ ಜೊತೆಗೆ ಅದನ್ನು ಮಾರ್ಪಡಿಸುವ ಹಕ್ಕೂ ಮೂಲ ಕಲಾವಿದರದ್ದೇ. ಅಮೆರಿಕದ ಕಾನೂನಿನಲ್ಲೂ ಹೀಗೇ ಇದೆ. ಅಂದರೆ ನೀವು "ಬದಲಾಯಿಸಿದೆ" ಅಂತ ಸಮಾಧಾನ ಮಾಡಿಕೊಳ್ಳುತ್ತಿದ್ದೀರಲ್ಲ, ಆ ಬದಲಾಯಿಸುವ ಕೆಲಸಕ್ಕೇ ಅನುಮತಿ ಬೇಕು. 1978ರಲ್ಲಿ ಒಂದು ನಾಟಕ ಮತ್ತು ಒಂದು ಸಿನಿಮಾದ ನಡುವಿನ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಎರಡು ಮಾತು ಹೇಳಿತು. ಬರೀ ಐಡಿಯಾಗೆ ಕಾಪಿರೈಟ್ ಇಲ್ಲ. ಆದರೆ ಎರಡನ್ನೂ ನೋಡಿದ ಸಾಮಾನ್ಯ ಮನುಷ್ಯನಿಗೆ ಇದು ಅದರ ನಕಲೇ ಅಂತ ಸ್ಪಷ್ಟವಾಗಿ ಅನಿಸಿದರೆ ಅದು ನಕಲು. ಅಲ್ಲಿ ಯಾವ ಪರ್ಸೆಂಟಿನ ಲೆಕ್ಕವೂ ಇಲ್ಲ.

ನಾಟಕ, ಸಿನಿಮಾ ಬೇಡ, ಬಟ್ಟೆಯದ್ದೇ ಕೇಸು ಹೇಳಿ ಅನ್ನುತ್ತೀರಾ? ಅದೂ ಇದೆ. ನನಗಂತೂ ಇದನ್ನು ಪಾಠ ಮಾಡುವುದೆಂದರೆ ಬಹಳ ಇಷ್ಟ.

ಇಂಗ್ಲೆಂಡಿನ ಡಿಸೈನರ್ಸ್ ಗಿಲ್ಡ್ ಅನ್ನುವ ಕಂಪನಿ 'ಇಕ್ಸಿಯಾ' ಅನ್ನುವ ಬಟ್ಟೆ ತಂದಿತ್ತು. ಉದ್ದುದ್ದ ಪಟ್ಟೆ, ಅದರ ಮೇಲೆ ಚೆದುರಿದ ಹೂವು, ಎಲೆ. ಆಮೇಲೆ ರಸೆಲ್ ವಿಲಿಯಮ್ಸ್ ಅನ್ನುವ ಇನ್ನೊಂದು ಕಂಪನಿ 'ಮಾರ್ಗರೀಟ್' ಅಂತ ಒಂದು ಬಟ್ಟೆ ತಂದಿತು. ಅದೂ ಪಟ್ಟೆ, ಅದೂ ಚೆದುರಿದ ಹೂವು. ಕೇಸಾಯಿತು. ಕೆಳಗಿನ ಕೋರ್ಟಿನ ಜಡ್ಜ್ ಎರಡನ್ನೂ ಹತ್ತಿರದಿಂದ ನೋಡಿ ಹೋಲಿಕೆಗಳನ್ನು ಪಟ್ಟಿ ಮಾಡಿದರು. ಎರಡರಲ್ಲೂ ಪಟ್ಟೆಯ ಅಂಚು ಒರಟು, ಕುಂಚದ ಗೆರೆ ಕಾಣುತ್ತದೆ. ಎರಡರಲ್ಲೂ ಕೆಲವು ದಳಗಳ ಒಳಗಿಂದ ಪಟ್ಟೆಯ ಬಣ್ಣ ಇಣುಕುತ್ತದೆ. ಹೂವಿನ ನಡುಭಾಗವನ್ನು ನಿಜವಾದ ಹೂವಿನ ಹಾಗೆ ಬಿಡಿಸಿಲ್ಲ, ಗಟ್ಟಿ ಬಣ್ಣದ ಒಂದು ಬೊಟ್ಟು ಇಟ್ಟಿದ್ದಾರೆ. ಎಲೆಗೆ ಎರಡು ಬೇರೆ ಬೇರೆ ಹಸಿರು. ಇಷ್ಟೆಲ್ಲ ತಾನಾಗಿ ಹೊಂದಿಕೆಯಾಗಲು ಸಾಧ್ಯವಿಲ್ಲ, ಇದು ನೋಡಿ ಮಾಡಿದ್ದು ಅಂದರು.

ಮೇಲಿನ ಕೋರ್ಟಿನವರು ಎರಡು ಬಟ್ಟೆಯನ್ನೂ ಅಕ್ಕಪಕ್ಕ ಇಟ್ಟು ನೋಡಿ, ಒಟ್ಟಾರೆ ಬೇರೆ ಬೇರೆಯಾಗೇ ಕಾಣುತ್ತವಲ್ಲ ಅಂತ ತೀರ್ಪು ತಿರುಗಿಸಿದರು. ನಮ್ಮ ಶೇ. 30ರವರ ವಾದ ಇದೇ ತಾನೆ? ಕೇಸು ಅಲ್ಲಿಂದ ಹೌಸ್ ಆಫ್ ಲಾರ್ಡ್ಸ್‌ಗೆ ಹೋಯಿತು. ಆಗ ಅದೇ ಅಲ್ಲಿನ ಕೊನೆಯ ಕೋರ್ಟ್. 2000ದಲ್ಲಿ ಅವರು ಮೊದಲಿನ ಜಡ್ಜ್ ಹೇಳಿದ್ದೇ ಸರಿ ಅಂದರು. ನಕಲು ಮಾಡಿದ್ದು ಹೌದು ಅಂತ ಆದಮೇಲೆ, ನಕಲು ಮೂಲಕ್ಕಿಂತ ಎಷ್ಟು ಬೇರೆಯಾಗಿದೆ ಅನ್ನುವುದು ಪ್ರಶ್ನೆಯೇ ಅಲ್ಲ. ಮೂಲದಿಂದ ಎತ್ತಿಕೊಂಡಿದ್ದು ಆ ಮೂಲದ ಮುಖ್ಯ ಭಾಗವಾ ಅನ್ನುವುದೊಂದೇ ಪ್ರಶ್ನೆ. ಇದನ್ನು ಇನ್ನೊಂದು ಸಲ ಓದಿ, ದಯವಿಟ್ಟು. ನೀವು ಎಷ್ಟು ಸೇರಿಸಿದಿರಿ ಅನ್ನುವುದನ್ನು ಯಾರೂ ಕೇಳುವುದಿಲ್ಲ. ನೀವು ಏನು ತೆಗೆದುಕೊಂಡಿರಿ ಅಂತ ಕೇಳುತ್ತಾರೆ.

ಹಾಗಂತ ಪಟ್ಟೆಯ ಮೇಲೆ ಹೂವು ಬಿಡಿಸುವ ಐಡಿಯಾ ಯಾರಪ್ಪನ ಆಸ್ತಿಯೂ ಅಲ್ಲ. ನಾಳೆ ನೀವೂ ಬಿಡಿಸಬಹುದು. ಬಿಡಿಸಿದ ರೀತಿ ಮಾತ್ರ ಬಿಡಿಸಿದವರದ್ದು.

ಇಷ್ಟು ಹೇಳಿದ ಕೂಡಲೇ ಬರುವ ಮಾತು, "ಹಳೇದನ್ನು ತೆಗೆದುಕೊಂಡರೆ ಪರವಾಗಿಲ್ಲ ಅಲ್ವಾ?" ಕಾನೂನಿನ ಪ್ರಕಾರ ಪರವಾಗಿಲ್ಲ. ನಮ್ಮಲ್ಲಿ ಕಲಾವಿದರು ತೀರಿಕೊಂಡ 60 ವರ್ಷದವರೆಗೆ ಕಾಪಿರೈಟ್ ಇರುತ್ತದೆ. ಇಂಗ್ಲೆಂಡಿನ ಬಟ್ಟೆ ಡಿಸೈನರ್ ವಿಲಿಯಂ ಮೊರಿಸ್ ತೀರಿಕೊಂಡಿದ್ದು 1896ರಲ್ಲಿ. ಹಣ್ಣು ಕದಿಯುವ ಹಕ್ಕಿಗಳ ಅವರ ಆ ಪ್ರಸಿದ್ಧ ಪ್ರಿಂಟ್ 1883ರದ್ದು. ಯಾರು ಬೇಕಾದರೂ ಬಳಸಬಹುದು. ಆದರೆ ಬಳಸಬಹುದು ಅನ್ನುವುದು ಬೇರೆ, ನಾನು ಮಾಡಿದೆ ಅನ್ನುವುದು ಬೇರೆ. ಸ್ಪರ್ಧೆಯವರು ಕೇಳುವುದು ಎರಡನೆಯದನ್ನು.

ಕಸೂತಿಯ ವಿಷಯಕ್ಕೂ ಇದೇ ಮಾತು. ಗೋಪುರ, ತೇರು, ಆನೆ, ತುಳಸಿಕಟ್ಟೆ ಯಾರೊಬ್ಬರ ಆಸ್ತಿಯೂ ಅಲ್ಲ, ನಮ್ಮೆಲ್ಲರ ಅಜ್ಜಿಯರದ್ದು. ಆದರೆ ಇವತ್ತು ಒಬ್ಬರು ಕೂತು ಗ್ರಾಫ್ ಹಾಳೆಯ ಮೇಲೆ ಹೊಸದಾಗಿ ಬರೆದ ತೇರಿನ ಚಿತ್ರವನ್ನು ಹಾಗೇ ಇಳಿಸಿಕೊಂಡರೆ ಅದು ಅವರ ಕೆಲಸವನ್ನು ಕದ್ದ ಹಾಗೆ. ಇನ್ನೊಂದು, ಪ್ರಿಂಟ್ ಮಾಡಿದ ಬಟ್ಟೆಗೆ "ಕಸೂತಿ" ಅಂತ ಹೆಸರಿಟ್ಟು ಮಾರಬೇಡಿ. ಕರ್ನಾಟಕದ ಕಸೂತಿಗೆ ಜಿಐ ಮಾನ್ಯತೆ ಇದೆ, ಅಂದರೆ ಆ ಹೆಸರು ಈ ನಾಡಿನ ಕೆಲಸಕ್ಕೇ ಸೇರಿದ್ದು ಅನ್ನುವ ಭೌಗೋಳಿಕ ಗುರುತು. ಅದು ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳದೆ, ಎಳೆ ಎಣಿಸಿ ಎಣಿಸಿ ಹಾಕುವ ಗವಂತಿ, ಮುರ್ಗಿ, ನೇಯ್ಗೆ, ಮೆಂತಿ ಹೊಲಿಗೆಯ ಹೆಸರು. ಧಾರವಾಡದ ಕಡೆ ಹೆಂಗಸರು ಕಣ್ಣು ನೋಯಿಸಿಕೊಂಡು ಮಾಡುವ ಕೆಲಸದ ಹೆಸರನ್ನು ಪ್ರಿಂಟರಿನಿಂದ ಬಂದ ಬಟ್ಟೆಗೆ ಅಂಟಿಸುವುದು ತಪ್ಪು.

ನನ್ನ ವಿದ್ಯಾರ್ಥಿನಿಯೊಬ್ಬಳು ಒಂದು ಸ್ಪರ್ಧೆಗೆ ಹೀಗೇ "ಬದಲಾಯಿಸಿದ" ಡಿಸೈನ್ ಹಾಕಿದ್ದಳು. ಮೂಲ ಕಲಾವಿದೆ ಗುರುತು ಹಿಡಿದು ದೂರು ಕೊಟ್ಟರು. ಎರಡೇ ದಿನದಲ್ಲಿ ಡಿಸೈನ್ ತೆಗೆದುಹಾಕಿದರು. ಹುಡುಗಿ ಅಳುತ್ತಾ ಬಂದು, "ಮೇಡಂ, ನಾನು ಮೂರು ರಾತ್ರಿ ನಿದ್ದೆಗೆಟ್ಟು ಮಾಡಿದ್ದೆ" ಅಂದಳು. ಅದು ಸುಳ್ಳಲ್ಲ. ಕಷ್ಟಪಟ್ಟಿದ್ದಳು, ಆದರೆ ಆ ಕಷ್ಟವೆಲ್ಲ ಇನ್ನೊಬ್ಬರ ಚಿತ್ರವನ್ನು ಮರೆಮಾಚುವುದಕ್ಕೆ ಹೋಯಿತು. ಆ ಮೂರು ರಾತ್ರಿ ಅವಳು ತಾನೇ ನೋಡಿ ಬಿಡಿಸಿದ್ದರೆ ಅನ್ನುವುದೇ ನನ್ನ ಸಂಕಟ.

ನೋಡಿ ಬಿಡಿಸುವುದು ಅಂದರೆ ಏನು? ಒಂದು ಉದಾಹರಣೆ ಕೊಡುತ್ತೇನೆ. ಕ್ಲಾಸಿನಲ್ಲಿ ಒಮ್ಮೆ "ಬೆಳಗಿನ ಜಾವ" ಅಂತ ವಿಷಯ ಕೊಟ್ಟೆ. ಮುಕ್ಕಾಲು ಜನ ಸೂರ್ಯ, ಕಾಫಿ ಲೋಟ, ರಂಗೋಲಿ ತಂದರು. ಒಬ್ಬಳು ಪಾರಿಜಾತ ತಂದಳು, ಆದರೆ ನೆಟ್‌ನಲ್ಲಿ ಕಾಣುವ ಹಾಗೆ ಎಲ್ಲ ಹೂವೂ ಮುಖ ಮೇಲೆ ಮಾಡಿ ನಗುತ್ತಿದ್ದವು. ನಿಮ್ಮ ಬೀದಿಯಲ್ಲಿ ಪಾರಿಜಾತದ ಮರ ಇದೆಯಾ ಅಂತ ಕೇಳಿದೆ. ಇದೆ ಅಂದಳು. ನಾಳೆ ಗುಡಿಸುವ ಮೊದಲು ಹೋಗಿ ಕೆಳಗೆ ಬಿದ್ದಿದ್ದನ್ನು ನೋಡು ಅಂದೆ. ಮಾರನೇ ದಿನ ಸ್ಕೆಚ್ ಪುಸ್ತಕ ಹಿಡಿದು ಓಡಿ ಬಂದಳು. ನೆಲದ ಮೇಲೆ ಬಿದ್ದ ಹೂಗಳಲ್ಲಿ ಬಹಳಷ್ಟು ಬೋರಲಾಗಿ ಬಿದ್ದಿದ್ದವು, ಕೇಸರಿ ತೊಟ್ಟು ಮೇಲೆ, ಬಿಳಿ ದಳ ಕೆಳಗೆ. ದೂರದಿಂದ ನೋಡಿದರೆ ಸಣ್ಣ ಸಣ್ಣ ದೀಪ ಹಚ್ಚಿಟ್ಟ ಹಾಗೆ. ದಳ ಎಣಿಸಿದ್ದಳು, ಒಂದರಲ್ಲಿ ಆರು, ಒಂದರಲ್ಲಿ ಏಳು, ಗಾಳಿಗಿರಗಟ್ಲೆಯ ಹಾಗೆ ಸ್ವಲ್ಪ ತಿರುಚಿಕೊಂಡಿದ್ದವು. ಒಂದರ ಮೇಲೆ ಇರುವೆ, ಇನ್ನೊಂದರ ದಳ ಆಗಲೇ ಬಾಡಿ ಗಾಜಿನ ಹಾಗೆ ತೆಳುವಾಗಿತ್ತು. ಅಷ್ಟು ಸಾಕಾಯಿತು. ಬೋರಲು ಬಿದ್ದ ಹೂವು, ನಡುನಡುವೆ ಎರಡೇ ಎರಡು ಮುಖ ಮೇಲಾದವು, ಒದ್ದೆ ಮಣ್ಣಿನ ಬಣ್ಣದ ಹಿನ್ನೆಲೆ. ಅಂಥ ಪಾರಿಜಾತದ ಪ್ರಿಂಟನ್ನು ನಾನು ಬೇರೆಲ್ಲೂ ನೋಡಿಲ್ಲ. ಅವಳಿಗೆ ಯಾವ ಪರ್ಸೆಂಟಿನ ಲೆಕ್ಕವೂ ಬೇಕಾಗಲಿಲ್ಲ.

ರಿಪೀಟ್ ಕೂರಿಸುವುದರ ಬಗ್ಗೆ, ಅಂದರೆ ಒಂದೇ ಚೌಕದ ಚಿತ್ರ (ಟೈಲ್) ಬಟ್ಟೆಯ ತುಂಬ ಮತ್ತೆ ಮತ್ತೆ ಬರುವ ಹಾಗೆ ಜೋಡಿಸುವುದರ ಬಗ್ಗೆ, ಹೆಚ್ಚು ಹೇಳುವುದಿಲ್ಲ, ಅದು ಅಭ್ಯಾಸದಿಂದ ಬರುತ್ತದೆ. 8 ಇಂಚಿನ ಟೈಲ್ ಆದರೆ 150 ಡಿಪಿಐಗೆ (ಇಂಚಿಗೆ 150 ಚುಕ್ಕಿ) 1200 ಪಿಕ್ಸೆಲ್. ಹಾಫ್ ಡ್ರಾಪ್ ಹಾಕಿದರೆ ಪಕ್ಕದ ಸಾಲು ಅರ್ಧ ಟೈಲ್ ಕೆಳಗೆ ಇಳಿಯುತ್ತದೆ, ಹೂವು ನೇರ ಸಾಲಾಗಿ ಕಾಣುವುದು ಕಡಿಮೆಯಾಗುತ್ತದೆ. ಕಳಿಸುವ ಮೊದಲು ಒಂಬತ್ತು ಟೈಲ್ ಜೋಡಿಸಿ ದೂರ ನಿಂತು, ಕಣ್ಣು ಅರ್ಧ ಮುಚ್ಚಿ ನೋಡಿ. ಹೂವಿಲ್ಲದ ಖಾಲಿ ದಾರಿ ಕಂಡರೆ ಅಲ್ಲೊಂದು ಎಲೆಯೋ ಮೊಗ್ಗೋ ಬೇಕು ಅಂತ ಅರ್ಥ.

ಇನ್ನೊಂದು ವಿಷಯವಿದೆ. ಇದನ್ನು ಯಾರೂ ಕೇಳುವುದಿಲ್ಲ, ಕೇಳಬೇಕು. ನಿಮ್ಮ ಡಿಸೈನನ್ನು ಬೇರೆಯವರು ಕದ್ದರೆ?

ನಮ್ಮ ದೇಶದಲ್ಲಿ ಇಲ್ಲೊಂದು ಗುಂಡಿ ಇದೆ. ಕಾಪಿರೈಟ್ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ, ಡಿಸೈನ್ ಕಾಯ್ದೆಯಡಿ ನೋಂದಾಯಿಸಬಹುದಾದ ಡಿಸೈನನ್ನು ನೀವು ನೋಂದಾಯಿಸದೆ ಬಿಟ್ಟಿದ್ದೀರಿ ಅಂತಿಟ್ಟುಕೊಳ್ಳಿ. ನೀವಾಗಲಿ, ನಿಮ್ಮ ಒಪ್ಪಿಗೆಯಿಂದ ಬೇರೆಯವರಾಗಲಿ ಆ ಡಿಸೈನ್ ಇರುವ ವಸ್ತುವನ್ನು ಯಂತ್ರದಲ್ಲಿ 50ಕ್ಕಿಂತ ಹೆಚ್ಚು ಸಲ ತಯಾರಿಸಿದರೆ ಅದರ ಕಾಪಿರೈಟ್ ಮುಗಿಯಿತು. ಸೋಫಾ ಬಟ್ಟೆಯ ಹೂವಿನ ಡಿಸೈನ್‌ಗಳ ಮೇಲೆ ಮೈಕ್ರೋಫೈಬರ್ಸ್ ಅನ್ನುವ ಕಂಪನಿ ಕೇಸು ಹಾಕಿತ್ತು. 2009ರಲ್ಲಿ ದೆಹಲಿ ಹೈಕೋರ್ಟ್ ಈ ಸೆಕ್ಷನ್ನನ್ನೇ ಹಿಡಿದು ಆ ಕಂಪನಿಗೆ ಇಲ್ಲ ಅಂದಿತು. 50 ಸೀರೆ ಮಾರಾಟವಾಗುವುದು ದೊಡ್ಡ ಮಾತಲ್ಲ, ಒಂದು ದಸರಾ ಸೀಸನ್ ಸಾಕು.

2000ದ ಡಿಸೈನ್ ಕಾಯ್ದೆಯಡಿ ನೋಂದಾಯಿಸಿದರೆ 10 ವರ್ಷ ರಕ್ಷಣೆ ಸಿಗುತ್ತದೆ, ಆಮೇಲೆ ಇನ್ನೂ 5 ವರ್ಷ ಮುಂದುವರಿಸಬಹುದು. ಆದರೆ ಡಿಸೈನ್ ಹೊಸದಾಗಿರಬೇಕು, ಅಂದರೆ ಮೊದಲೇ ಎಲ್ಲೂ ಬಹಿರಂಗ ಆಗಿರಬಾರದು. ಸ್ಪರ್ಧೆಗೆ ಹಾಕಿ, ಊರಿಗೆಲ್ಲ ತೋರಿಸಿ, ಆಮೇಲೆ ನೋಂದಣಿಗೆ ಹೋದರೆ ತೊಂದರೆ. ಹಾಗಾಗಿ ಸೀರೆಯಾಗಿ ಮಾರುವ ಯೋಚನೆ ನಿಜವಾಗಿಯೂ ಇರುವ ಡಿಸೈನನ್ನು ಮೊದಲು ನೋಂದಣಿಗೆ ಹಾಕಿ, ಸ್ಪರ್ಧೆಗೆ ಬೇರೆಯದನ್ನು ಕಳಿಸಿ. ಎಲ್ಲದರ ಪೆನ್ಸಿಲ್ ಸ್ಕೆಚ್ಚನ್ನೂ ತಾರೀಕು ಹಾಕಿ ಇಟ್ಟುಕೊಳ್ಳಿ. ನಾಳೆ ಯಾರಾದರೂ ಇದು ನಿಮ್ಮದಾ ಅಂತ ಕೇಳಿದರೆ ತೋರಿಸಲು ಅದಿರುತ್ತದೆ. ಪಿಂಟರೆಸ್ಟ್‌ನಿಂದ ಇಳಿಸಿಕೊಂಡವರ ಹತ್ತಿರ ತೋರಿಸಲು ಸ್ಕೆಚ್ಚೇ ಇರುವುದಿಲ್ಲ.

ಈಗ ನಿಮ್ಮ ಫೈಲಿನ ವಿಷಯ. ಪ್ರಶ್ನೆ ಕೇಳಿದ ತಂಗಿ, ನಿಮಗೇ ಹೇಳುತ್ತಿದ್ದೇನೆ. ಆ ಹೂವಿನ ಲೇಯರ್ ಪೂರ್ತಿ ಅಳಿಸಿಬಿಡಿ. ಎರಡು ಹಕ್ಕಿ ಸೇರಿಸಿದೆ ಅಂತ ಬರೆದಿದ್ದೀರಲ್ಲ, ಅವು ನೀವೇ ಬಿಡಿಸಿದವಾ? ಹೌದಾದರೆ ಅವನ್ನು ಮಾತ್ರ ಇಟ್ಟುಕೊಳ್ಳಿ. ಯಾವ ಹಕ್ಕಿ ಅಂತ ನೀವು ಬರೆದಿಲ್ಲ. ನಿಮ್ಮ ಮನೆಯ ಹತ್ತಿರ ಕಾಣುವಂಥದ್ದಾದರೆ ಒಂದು ವಾರ ದಿನಾ ಅದನ್ನು ನೋಡಿ. ಅದು ಯಾವ ಗಿಡದ ಮೇಲೆ ಕೂರುತ್ತದೆ ಅಂತ ಗಮನಿಸಿ. ಹಿನ್ನೆಲೆಗೆ ಬೇಕಾದ ಎಲೆ, ಹೂವು ಆ ಗಿಡದಲ್ಲೇ ಇದೆ.