ತೋರಿಸಬೇಕೋ, ಮುಚ್ಚಿಡಬೇಕೋ: ಸೊಂಟದ ಪಿಸ್ತೂಲಿನ ಇನ್ನೂರು ವರ್ಷದ ಜಗಳ

ಡಾಲಸ್ಸಿನಲ್ಲೋ ಹ್ಯೂಸ್ಟನ್ನಿನಲ್ಲೋ ಮಗಳ ಮನೆಯಲ್ಲಿ ನಾಲ್ಕು ತಿಂಗಳು ಇದ್ದು ಬಂದವರು ಅಂಗಡಿ ಬಾಗಿಲುಗಳ ಮೇಲೆ ಅಂಟಿಸಿದ ಉದ್ದುದ್ದ ಬೋರ್ಡುಗಳನ್ನು ನೋಡಿರಬಹುದು. ಮೇಲೆ ಇಂಗ್ಲಿಷ್, ಕೆಳಗೆ ಸ್ಪ್ಯಾನಿಷ್. ಅಕ್ಷರದ ಎತ್ತರ ಒಂದು ಅಂಗುಲಕ್ಕಿಂತ ಕಡಿಮೆ ಇರಬಾರದೆಂದು ಕಾನೂನೇ ಹೇಳಿದೆ. ಒಂದು ಬೋರ್ಡಿನ ಸಂಖ್ಯೆ 30.06, ಇನ್ನೊಂದರದು 30.07. ಎರಡೂ ಟೆಕ್ಸಸ್ ದಂಡ ಸಂಹಿತೆಯ ಸೆಕ್ಷನ್‌ಗಳು. ಮೊದಲನೆಯದು, ಲೈಸೆನ್ಸ್ ಇದ್ದರೂ ಪಿಸ್ತೂಲನ್ನು ಬಟ್ಟೆಯೊಳಗೆ ಮುಚ್ಚಿಟ್ಟುಕೊಂಡು ಒಳಗೆ ಬರಬೇಡಿ ಎನ್ನುತ್ತದೆ. ಎರಡನೆಯದು, ಎಲ್ಲರಿಗೂ ಕಾಣುವಂತೆ ಸೊಂಟಕ್ಕೆ ಕಟ್ಟಿಕೊಂಡು ಬರಬೇಡಿ ಎನ್ನುತ್ತದೆ. (30-06 ಎಂಬುದು ಬಹಳ ಹಳೆಯ ರೈಫಲ್ ಗುಂಡಿನ ಹೆಸರೂ ಹೌದು. ಕಾಕತಾಳೀಯವೋ ಯಾರದೋ ಕುಚೇಷ್ಟೆಯೋ!)

ಎರಡು ಬೋರ್ಡು ಯಾಕೆ ಬೇಕು, 'ಬಂದೂಕು ಬೇಡ' ಎಂದು ಒಂದೇ ಸಾಲು ಬರೆದರೆ ಸಾಲದೇ ಎಂದು ನಮಗೆ ಅನ್ನಿಸುತ್ತದೆ. ಆದರೆ ಎಷ್ಟೋ ಅಂಗಡಿಗಳು ಬೇಕೆಂದೇ ಎರಡನೆಯದನ್ನು ಮಾತ್ರ ಹಾಕುತ್ತವೆ. ಟೆಕ್ಸಸ್ಸಿನವರು ಅಭಿಮಾನದಿಂದ ತಿನ್ನುವ ವಾಟಾಬರ್ಗರ್ ಹೋಟೆಲ್ ಸರಣಿ 2015ರಲ್ಲಿ ಹೇಳಿದ್ದೂ ಇದನ್ನೇ: ಲೈಸೆನ್ಸ್ ಇದ್ದವರು ಮುಚ್ಚಿಟ್ಟುಕೊಂಡು ಬಂದರೆ ಅಭ್ಯಂತರವಿಲ್ಲ, ತೋರಿಸಿಕೊಂಡು ಬರಬೇಡಿ. ಅಂದರೆ ಬರ್ಗರ್ ತಿನ್ನುವವನ ಬಳಿ ಬಂದೂಕು ಇರುವುದು ತೊಂದರೆಯಲ್ಲ, ಅದು ಪಕ್ಕದ ಮೇಜಿನವರ ಕಣ್ಣಿಗೆ ಬೀಳುವುದು ತೊಂದರೆ.

ಇನ್ನೂರು ವರ್ಷದ ಹಿಂದೆ ಇದೇ ದೇಶದ ನ್ಯಾಯಾಧೀಶರು ಇದಕ್ಕೆ ತದ್ವಿರುದ್ಧ ಹೇಳುತ್ತಿದ್ದರು.

1813ರಲ್ಲಿ ಕೆಂಟಕಿ ಮತ್ತು ಲೂಯಿಸಿಯಾನ ರಾಜ್ಯಗಳು ಆಯುಧವನ್ನು ಮುಚ್ಚಿಟ್ಟುಕೊಂಡು ಓಡಾಡುವುದನ್ನು ನಿಷೇಧಿಸಿದವು. ಅಮೆರಿಕದಲ್ಲಿ ಈ ಬಗೆಯ ಕಾನೂನುಗಳ ಮೊದಲ ಕಂತು ಇದು. ಹಿಂದೆ ಇಂಗ್ಲೆಂಡಿನಲ್ಲಿ 1328ರಷ್ಟು ಹಳೆಯ ಶಾಸನವೊಂದು ಸಂತೆ, ಜಾತ್ರೆಗಳಿಗೆ ಆಯುಧ ಹಿಡಿದು ಹೋಗುವುದನ್ನೇ ತಡೆದಿತ್ತು. ಅಮೆರಿಕದ ದಕ್ಷಿಣ ಭಾಗದ ರಾಜ್ಯಗಳ ತಲೆನೋವು ಬೇರೆ. ಅಲ್ಲಿ ಮಾನ-ಮರ್ಯಾದೆಯ ಹೆಸರಿನಲ್ಲಿ ಮಾತಿಗೆ ಮಾತು ಬೆಳೆದು, ಕೋಟಿನೊಳಗಿಂದ ಚೂರಿಯೋ ಸಣ್ಣ ಪಿಸ್ತೂಲೋ ಹೊರಬೀಳುತ್ತಿತ್ತು. ಎದುರಿನವನ ಬಳಿ ಏನಿದೆ ಎಂದು ಗೊತ್ತಿದ್ದರೆ ಅವನೊಡನೆ ಜಗಳಕ್ಕೆ ಹೋಗುವ ಮೊದಲು ಯಾರಾದರೂ ಎರಡು ಸಲ ಯೋಚಿಸುತ್ತಾರೆ. ಮುಚ್ಚಿಟ್ಟುಕೊಂಡವನು ಮೋಸಗಾರ, ಹಂತಕ. ಆಗಿನ ತರ್ಕ ಇದು.

ಕೆಂಟಕಿಯ ಕಾನೂನು ನ್ಯಾಯಾಲಯದ ಮೆಟ್ಟಿಲೇರಿದ್ದು ಒಂದು ಊರುಗೋಲಿನ ದೆಸೆಯಿಂದ. ಒಳಗೆ ಕತ್ತಿ ಅಡಗಿಸಿದ ಊರುಗೋಲು ಹಿಡಿದು ನಡೆದವನೊಬ್ಬನಿಗೆ ನೂರು ಡಾಲರ್ ದಂಡ ಬಿತ್ತು. 1822ರಲ್ಲಿ ರಾಜ್ಯದ ಮೇಲಿನ ನ್ಯಾಯಾಲಯ ಆ ಕಾನೂನನ್ನೇ ತಳ್ಳಿಹಾಕಿತು. ಜನಕ್ಕೆ ಅದು ಹಿಡಿಸಲಿಲ್ಲ. 1850ರ ಹೊಸ ಸಂವಿಧಾನದಲ್ಲಿ, ಮುಚ್ಚಿಟ್ಟ ಆಯುಧವನ್ನು ತಡೆಯುವ ಅಧಿಕಾರ ಶಾಸಕಾಂಗಕ್ಕೆ ಉಂಟು ಎಂದು ಸೇರಿಸಿದರು. ಬೇರೆ ರಾಜ್ಯಗಳ ನ್ಯಾಯಾಲಯಗಳು ಕೆಂಟಕಿಯ ದಾರಿ ಹಿಡಿಯಲಿಲ್ಲ. ಅಲಬಾಮಾದಲ್ಲಿ 1840ರಲ್ಲಿ ಶಿಕ್ಷೆಯಾದದ್ದು ಯಾರಿಗೆ? ಒಬ್ಬ ಶೆರಿಫ್‌ಗೆ! ಜೀವಭಯವಿತ್ತು, ಅದಕ್ಕೆ ಪಿಸ್ತೂಲು ಬಟ್ಟೆಯೊಳಗಿಟ್ಟುಕೊಂಡೆ ಎಂದ ಅವನ ಮಾತು ನಡೆಯಲಿಲ್ಲ. ಜಾರ್ಜಿಯಾ 1846ರಲ್ಲಿ ಗೆರೆಯನ್ನು ಇನ್ನೂ ಸ್ಪಷ್ಟವಾಗಿ ಎಳೆಯಿತು: ಮುಚ್ಚಿಡುವುದಕ್ಕೆ ನಿಷೇಧ ಸರಿ, ತೋರಿಸಿಕೊಂಡು ಹೋಗುವುದಕ್ಕೆ ನಿಷೇಧ ಸಲ್ಲದು. 1850ರಲ್ಲಿ ಲೂಯಿಸಿಯಾನದ ನ್ಯಾಯಾಲಯವಂತೂ ಬಹಿರಂಗವಾಗಿ ಹಿಡಿದ ಆಯುಧ ಗಂಡಸಿನ ಉದಾತ್ತ ಆತ್ಮರಕ್ಷಣೆಗೆ ತಕ್ಕದ್ದು, ಅಡಗಿಸಿದ್ದು ಹೇಡಿಯ ಕೊಲೆಗೆ ದಾರಿ ಎಂಬರ್ಥದ ಮಾತು ಬರೆಯಿತು. 2008ರಲ್ಲಿ ಸುಪ್ರೀಂ ಕೋರ್ಟು ಹೆಲ್ಲರ್ ಪ್ರಕರಣದಲ್ಲಿ ಬಂದೂಕು ಇಟ್ಟುಕೊಳ್ಳುವುದು ವ್ಯಕ್ತಿಯ ಹಕ್ಕು ಎಂದಾಗ ನೆನೆದ ಹಳೆಯ ತೀರ್ಪುಗಳಲ್ಲಿ ಇದೂ ಒಂದು.

ಕೊಡಗಿನವರಿಗೆ ಈ ಮಾತಿನ ಧಾಟಿ ಪೂರ್ತಿ ಹೊಸದಲ್ಲ. ಕೈಲ್‌ಪೊಳ್ದ್ ದಿನ ಕೋವಿ ತೊಳೆದು, ತೋಕ್ ಪೂ (ಕೋವಿ ಹೂ) ಸಿಕ್ಕಿಸಿ, ದೇವರ ಮುಂದಿಟ್ಟು ಪೂಜೆ ಮಾಡುವ ನಾಡು ಅದು. ಅಲ್ಲಿ ಕೋವಿ ಮುಚ್ಚಿಡುವ ವಸ್ತುವಲ್ಲ. ಬ್ರಿಟಿಷರ ಕಾಲದ 1861ರ ಆದೇಶದಿಂದ ಬಂದ ಲೈಸೆನ್ಸ್ ವಿನಾಯಿತಿ ಕೊಡವರಿಗೆ ಮತ್ತು ವಂಶಪಾರಂಪರ್ಯದ ಜಮ್ಮಾ ಭೂಮಿಯ ಹಿಡುವಳಿದಾರರಿಗೆ ಇಂದಿಗೂ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಆದರೆ ಊರವರು ಸೇರುವ ಬಯಲಾದ ಮಂದ್‌ನಲ್ಲಿ ಕೋವಿ ಹಿಡಿದು ನಿಂತವನು ಯಾವ ಒಕ್ಕದವನು (ಮನೆತನದವನು), ಯಾರ ಮಗ ಎಂದು ಸುತ್ತಲಿನವರಿಗೆಲ್ಲ ಗೊತ್ತಿರುತ್ತದೆ. ಟೆಕ್ಸಸ್ಸಿನ ಸೂಪರ್‌ಮಾರ್ಕೆಟ್ಟಿನಲ್ಲಿ ಹಾಲಿನ ಡಬ್ಬ ಎತ್ತಿಕೊಳ್ಳುತ್ತಿರುವವನು ಯಾರೋ ಏನೋ. ನನಗೆ ತೋರುವಂತೆ, 'ತೋರಿಸಿಕೊಂಡು ಹೋದರೆ ಭಯವಿಲ್ಲ' ಎಂಬ ಹತ್ತೊಂಬತ್ತನೇ ಶತಮಾನದ ತರ್ಕ ಸವೆದದ್ದು ಇಲ್ಲಿಯೇ. ಅದು ಮುಖಪರಿಚಯದ ಊರಿಗೆ ಹೊಂದುವ ತರ್ಕ, ಅಪರಿಚಿತರ ನಗರಕ್ಕಲ್ಲ.

ಇನ್ನೊಂದು ಎಳೆಯೂ ಇದೆ. 'ಬಹಿರಂಗವಾಗಿ ಹಿಡಿಯಬಹುದು' ಎಂಬ ಮಾತಿನಲ್ಲಿ ಕಪ್ಪು ಜನ ಸೇರಿರಲಿಲ್ಲ. ಅಂತರ್ಯುದ್ಧ ಮುಗಿದ ಬೆನ್ನಲ್ಲೇ, 1865ರಲ್ಲಿ ಮಿಸಿಸಿಪ್ಪಿ ಬಿಡುಗಡೆಗೊಂಡ ಗುಲಾಮರಿಗೆ ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಳ್ಳುವುದನ್ನೇ ನಿಷೇಧಿಸಿತು. ಬಣ್ಣದ ಹೆಸರೆತ್ತಿ ಕಾನೂನು ಬರೆಯುವುದು ಮುಂದೆ ಕಷ್ಟವಾದಾಗ ಜಾಣ ಉಪಾಯಗಳು ಹುಟ್ಟಿದವು. ಟೆನಸಿ ಮತ್ತು ಅರ್ಕಾನ್ಸಾ ರಾಜ್ಯಗಳು ಸೇನೆ, ನೌಕಾಪಡೆ ಬಳಸುವ ಮಾದರಿಯ ದೊಡ್ಡ ರಿವಾಲ್ವರುಗಳಿಗೆ ಮಾತ್ರ ಅವಕಾಶ ಕೊಟ್ಟವು. ಅವು ದುಬಾರಿ, ಬಡವರ ಕೈಗೆ ಎಟುಕುವಂಥವಲ್ಲ. ಅದನ್ನೂ ಸೊಂಟಕ್ಕೆ ಕಟ್ಟಿಕೊಳ್ಳುವ ಹಾಗಿಲ್ಲ, ಕೈಯಲ್ಲೇ ಹಿಡಿದು ನಡೆಯಬೇಕು! 1882ರಲ್ಲಿ ಅರ್ಕಾನ್ಸಾದವನೊಬ್ಬ ರಿವಾಲ್ವರನ್ನು ಎಲ್ಲರಿಗೂ ಕಾಣುವಂತೆ ಸೊಂಟದ ಪಟ್ಟಿಗೆ ಬಿಗಿದುಕೊಂಡಿದ್ದ. ಮುಚ್ಚಿಟ್ಟಿರಲಿಲ್ಲ ನಿಜ, ಆದರೆ ಕೈಯಲ್ಲಿ ಹಿಡಿದಿರಲಿಲ್ಲ ಎಂದು ರಾಜ್ಯದ ಸುಪ್ರೀಂ ಕೋರ್ಟು ಅವನ ಶಿಕ್ಷೆ ಎತ್ತಿಹಿಡಿಯಿತು. ಫ್ಲೋರಿಡಾದ 1893ರ ಬಂದೂಕು ಕಾನೂನಿನ ಬಗ್ಗೆ 1941ರಲ್ಲಿ ಅಲ್ಲಿನ ನ್ಯಾಯಮೂರ್ತಿಯೊಬ್ಬರು ಮುಚ್ಚುಮರೆ ಇಲ್ಲದೆ ಬರೆದರು: ಇದು ಕಪ್ಪು ಕೂಲಿಗಳನ್ನು ನಿಶ್ಶಸ್ತ್ರಗೊಳಿಸಲು ಮಾಡಿದ ಕಾನೂನು, ಬಿಳಿಯರಿಗೆ ಅನ್ವಯಿಸುವ ಉದ್ದೇಶವೇ ಇರಲಿಲ್ಲ. 1956ರಲ್ಲಿ ಮಾಂಟ್ಗೊಮರಿಯ ಮನೆಗೆ ಬಾಂಬ್ ಬಿದ್ದ ಮೇಲೆ ಬಂದೂಕಿನ ಪರವಾನಗಿಗೆ ಅರ್ಜಿ ಹಾಕಿದ ಮಾರ್ಟಿನ್ ಲೂಥರ್ ಕಿಂಗ್‌ಗೂ ಅದು ಸಿಗಲಿಲ್ಲ.

ಇನ್ನು ಸಿನಿಮಾದ ಕೌಬಾಯ್ ಊರುಗಳು. ತೊಡೆಗೆ ಪಿಸ್ತೂಲು ಬಿಗಿದುಕೊಂಡು ಬೀದಿಯಲ್ಲಿ ನಡೆಯುವ ಚಿತ್ರ ನಮ್ಮೆಲ್ಲರ ತಲೆಯಲ್ಲಿದೆ. ನಿಜದಲ್ಲಿ ಡಾಡ್ಜ್ ಸಿಟಿಯ ಮುಖ್ಯಬೀದಿಯಲ್ಲಿ ಬಂದೂಕು ಒಯ್ಯುವುದನ್ನು ಕಟ್ಟುನಿಟ್ಟಾಗಿ ನಿಷೇಧಿಸಿದೆ ಎಂಬ ಫಲಕವಿತ್ತು. ಅರಿಜೋನಾದ ಟೂಂಬ್‌ಸ್ಟೋನ್ ಊರು 1881ರ ಏಪ್ರಿಲ್‌ನಲ್ಲಿ ಊರೊಳಗೆ ಆಯುಧ ಹಿಡಿದು ಓಡಾಡುವುದನ್ನು ತಡೆದಿತ್ತು. ಅಕ್ಟೋಬರ್ 26ರಂದು ಓಕೆ ಕೊರಾಲ್ ಬಳಿ ನಡೆದ ಆ ಜಗತ್ಪ್ರಸಿದ್ಧ ಗುಂಡಿನ ಕಾಳಗ ಹೊತ್ತಿಕೊಂಡದ್ದರಲ್ಲಿ ಈ ನಿಯಮ ಜಾರಿ ಮಾಡುವ ಗಲಾಟೆಯ ಪಾಲೂ ಇತ್ತು. ಟೆಕ್ಸಸ್ 1871ರಲ್ಲೇ ತೋರಿಸಿಯೂ ಮುಚ್ಚಿಟ್ಟೂ ಪಿಸ್ತೂಲು ಒಯ್ಯುವಂತಿಲ್ಲ ಎಂದಿತ್ತು. ಇಂದು ಬಂದೂಕಿನ ತವರು ಎನಿಸಿಕೊಂಡ ರಾಜ್ಯದಲ್ಲಿ ಆ ಕಾನೂನು ನೂರಿಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಬದುಕಿತ್ತು.

ಬಹಿರಂಗ ಬಂದೂಕಿನ ಬಗ್ಗೆ ಅಮೆರಿಕದ ಮನಸ್ಸು ತಿರುಗಿದ ದಿನ ಯಾವುದು ಎಂದು ಕೇಳಿದರೆ ನಾನು 1967ರ ಮೇ 2 ಎನ್ನುತ್ತೇನೆ. ಅದಕ್ಕೆ ಕೆಲವು ತಿಂಗಳ ಮೊದಲಿನಿಂದ ಓಕ್‌ಲೆಂಡಿನಲ್ಲಿ ಹ್ಯೂಯಿ ನ್ಯೂಟನ್, ಬಾಬಿ ಸೀಲ್ ಕಟ್ಟಿದ ಬ್ಲ್ಯಾಕ್ ಪ್ಯಾಂಥರ್ ಪಕ್ಷದವರು ಪೊಲೀಸರ ಹಿಂದೆ ಗಸ್ತು ತಿರುಗುತ್ತಿದ್ದರು. ಪೊಲೀಸರು ಕಪ್ಪು ವ್ಯಕ್ತಿಯೊಬ್ಬನನ್ನು ತಡೆದರೆ ಇವರು ಗುಂಡು ತುಂಬಿದ ಬಂದೂಕು ಹಿಡಿದು, ಕಾನೂನು ಹೇಳಿದಷ್ಟು ದೂರದಲ್ಲಿ ನಿಂತು ನೋಡುವುದು. ನ್ಯೂಟನ್ ಕಾನೂನು ಓದಿಕೊಂಡಿದ್ದ. ಕ್ಯಾಲಿಫೋರ್ನಿಯಾದಲ್ಲಿ ತಪ್ಪಾಗಿದ್ದದ್ದು ಮುಚ್ಚಿಡುವುದು, ತೋರಿಸುವುದಲ್ಲ. ಇದನ್ನು ತಡೆಯಲೆಂದೇ ಡಾನ್ ಮಲ್ಫರ್ಡ್ ಎಂಬ ಶಾಸಕ ಮಸೂದೆ ತಂದಾಗ ಮೂವತ್ತರಷ್ಟು ಪ್ಯಾಂಥರ್‌ಗಳು ಬಂದೂಕು ಸಮೇತ ಸ್ಯಾಕ್ರಮೆಂಟೊದ ವಿಧಾನಸಭೆಗೇ ನಡೆದರು. ಗವರ್ನರ್ ರೊನಾಲ್ಡ್ ರೇಗನ್ ಆ ಹೊತ್ತು ಹೊರಗಿನ ಹುಲ್ಲುಹಾಸಿನ ಮೇಲೆ ಶಾಲಾಮಕ್ಕಳ ಜೊತೆಗಿದ್ದರು. ನಾಗರಿಕನೊಬ್ಬ ಗುಂಡು ತುಂಬಿದ ಬಂದೂಕು ಹಿಡಿದು ಬೀದಿಗೆ ಬರಲು ಯಾವ ಕಾರಣವೂ ಇಲ್ಲ ಎಂದು ಅವರೇ ಅಂದು ಹೇಳಿದರು. ಜುಲೈ ಮುಗಿಯುವುದರೊಳಗೆ ಸಹಿಯೂ ಬಿತ್ತು. ಬಂದೂಕು ಹಕ್ಕಿನ ದೊಡ್ಡಣ್ಣನಾದ ನ್ಯಾಷನಲ್ ರೈಫಲ್ ಅಸೋಸಿಯೇಷನ್, ಅಂದರೆ ಎನ್‌ಆರ್‌ಎ, ಈ ಕಾನೂನಿನ ಬೆಂಬಲಕ್ಕಿತ್ತು.

ಆ ಮೇಲೆ ಎನ್‌ಆರ್‌ಎ ತನ್ನ ಬಲವನ್ನೆಲ್ಲ ಹಾಕಿದ್ದು ಮುಚ್ಚಿಡುವ ಹಕ್ಕಿಗೆ. 1911ರ ಸಲಿವನ್ ಕಾಯ್ದೆಯಿಂದ ನ್ಯೂಯಾರ್ಕಿನಲ್ಲಿ ಪರವಾನಗಿ ಕೊಡುವುದು ಬಿಡುವುದು ಅಧಿಕಾರಿಯ ಮರ್ಜಿಯಾಗಿತ್ತು. 1987ರಲ್ಲಿ ಫ್ಲೋರಿಡಾ ತನ್ನಲ್ಲಿ ಆ ಪದ್ಧತಿಯನ್ನು ಮಗುಚಿಹಾಕಿತು: ಅರ್ಹತೆ ಇದ್ದವರಿಗೆ ಕೊಡಲೇಬೇಕು. ತಮಾಷೆಯೆಂದರೆ, ಹಳೆಯ ನಿಯಮಗಳನ್ನು ಅಳಿಸುವ ಭರದಲ್ಲಿ ಬಹಿರಂಗವಾಗಿ ಒಯ್ಯುವುದಕ್ಕೂ ಬಾಗಿಲು ತೆರೆದುಕೊಂಡಿತು. ಜನ ಸೊಂಟಕ್ಕೆ ಪಿಸ್ತೂಲು ಕಟ್ಟಿ ಬೀದಿಗಿಳಿಯುವ ಚಿತ್ರ ಪ್ರವಾಸೋದ್ಯಮ ನಂಬಿದ ರಾಜ್ಯಕ್ಕೆ ಬೇಕಿರಲಿಲ್ಲ. ಅದೇ ವರ್ಷ ವಿಶೇಷ ಅಧಿವೇಶನ ಕರೆದು ಆ ಬಾಗಿಲು ಮುಚ್ಚಿದರು. ಹತ್ತೊಂಬತ್ತನೇ ಶತಮಾನದ ನಿಯಮ ಈಗ ತಲೆಕೆಳಗಾಗಿ ನಿಂತಿತ್ತು: ಮುಚ್ಚಿಟ್ಟರೆ ಸಭ್ಯ, ತೋರಿಸಿದರೆ ಅಪರಾಧ.

ಟೆಕ್ಸಸ್ಸಿನಲ್ಲಿ ಈ ತಿರುವಿಗೆ ಒಂದು ದುರಂತ ಕಾರಣ. 1991ರ ಅಕ್ಟೋಬರ್‌ನಲ್ಲಿ ಕಿಲೀನ್ ಊರಿನ ಲೂಬೀಸ್ ಹೋಟೆಲಿಗೆ ನುಗ್ಗಿದವನೊಬ್ಬ 23 ಜನರನ್ನು ಕೊಂದ. ಅಂದು ಅಲ್ಲಿದ್ದ ಸುಜಾನಾ ಹಪ್ ಎಂಬಾಕೆ ಕಾನೂನಿಗೆ ಹೆದರಿ ತನ್ನ ರಿವಾಲ್ವರನ್ನು ಕಾರಿನಲ್ಲೇ ಬಿಟ್ಟುಬಂದಿದ್ದರು. ಅಪ್ಪ, ಅಮ್ಮ ಇಬ್ಬರೂ ಅಲ್ಲೇ ಸತ್ತರು. ಆಕೆಯ ಸಾಕ್ಷ್ಯ ಎಷ್ಟೋ ಶಾಸನಸಭೆಗಳ ಮನಸ್ಸು ಕರಗಿಸಿತು. 1995ರಲ್ಲಿ ಗವರ್ನರ್ ಜಾರ್ಜ್ ಬುಷ್ ಮುಚ್ಚಿಟ್ಟ ಪಿಸ್ತೂಲಿಗೆ ಪರವಾನಗಿ ಕೊಡುವ ಕಾನೂನಿಗೆ ಸಹಿ ಹಾಕಿದರು.

ಓಹಾಯೊದ ಕಥೆ ಇನ್ನೂ ವಿಚಿತ್ರ. ಬಹಿರಂಗವಾಗಿ ಒಯ್ಯಲು ಅವಕಾಶ ಇದೆಯಲ್ಲ, ಮುಚ್ಚಿಡಲು ಬಿಡದಿದ್ದರೇನಂತೆ ಎಂದು 2003ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಕೇಳಿತು. ಸರಿ ಹಾಗಾದರೆ ಎಂದು ಬಂದೂಕು ಪ್ರಿಯರು ಊರೂರಲ್ಲಿ ಸೊಂಟಕ್ಕೆ ಪಿಸ್ತೂಲು ಕಟ್ಟಿ ಮೆರವಣಿಗೆ ಹೊರಟರು. ಇದನ್ನು ನೋಡಲಾಗದಿದ್ದರೆ ಮುಚ್ಚಿಡಲು ಬಿಡಿ ಎಂಬುದು ಅವರ ಮಾತು. 2004ರ ಜನವರಿಯಲ್ಲಿ ಹೊಸ ಕಾನೂನು ಬಂತು.

ಬಂದೂಕು ಪ್ರಿಯರಲ್ಲೇ ಈ ವಿಷಯಕ್ಕೆ ಒಮ್ಮತವಿಲ್ಲ. ತೋರಿಸಿಕೊಂಡು ಹೋಗುವವರು ಕಳ್ಳ ದೂರದಿಂದಲೇ ನೋಡಿ ಹಿಂದೆ ಸರಿಯುತ್ತಾನೆ ಎನ್ನುತ್ತಾರೆ. ಹಕ್ಕನ್ನು ಬಳಸದಿದ್ದರೆ ಅದು ತುಕ್ಕು ಹಿಡಿಯುತ್ತದೆ ಎಂಬುದೂ ಅವರ ವಾದ. ಮುಚ್ಚಿಡುವವರು ನಗುತ್ತಾರೆ. ದರೋಡೆಗೆ ಬಂದವನು ಮೊದಲು ಗುಂಡು ಹಾರಿಸುವುದು ಕಾಣುವ ಬಂದೂಕಿನವನಿಗೇ, ಇಲ್ಲವೇ ಹಿಂದಿನಿಂದ ಬಂದು ಅದನ್ನೇ ಕಿತ್ತುಕೊಳ್ಳುತ್ತಾನೆ ಎನ್ನುತ್ತಾರೆ. ಟೆಕ್ಸಸ್ಸಿನಲ್ಲಿ ಪಿಸ್ತೂಲಿಗಿದ್ದ ನಿರ್ಬಂಧ ಉದ್ದ ಬಂದೂಕಿಗೆ ಇರಲಿಲ್ಲ. 2014ರಲ್ಲಿ ಕೆಲವರು ಸೇನೆಯ ಮಾದರಿಯ ರೈಫಲ್‌ಗಳನ್ನು ಹೆಗಲಿಗೆ ಹಾಕಿಕೊಂಡು ಚಿಪೋಟ್ಲೆ ಹೋಟೆಲಿಗೆ ಊಟಕ್ಕೆ ಹೋದಾಗ ಸ್ವತಃ ಎನ್‌ಆರ್‌ಎ ಇದೆಂಥ ವಿಚಿತ್ರ ನಡವಳಿಕೆ ಎಂದು ಬರೆಯಿತು. ತನ್ನವರೇ ತಿರುಗಿಬಿದ್ದಾಗ ಆ ಮಾತನ್ನು ಹಿಂದಕ್ಕೆ ಪಡೆಯಿತು. ಹೋಟೆಲು, ಅಂಗಡಿಗಳ ಬೇಡಿಕೆಯಂತೂ ಒಂದೇ ಧಾಟಿಯದು. ಎಲ್ ಪಾಸೊದ ತನ್ನ ಮಳಿಗೆಯಲ್ಲಿ ಹತ್ಯಾಕಾಂಡ ನಡೆದ ಮೇಲೆ, 2019ರಲ್ಲಿ ವಾಲ್‌ಮಾರ್ಟ್ ಗ್ರಾಹಕರನ್ನು ಕೇಳಿಕೊಂಡದ್ದು ತೋರಿಸಿಕೊಂಡು ಬರಬೇಡಿ ಎಂದಷ್ಟೇ. ಮುಚ್ಚಿಟ್ಟುಕೊಂಡು ಬರುವ ಪರವಾನಗಿದಾರರ ಬಗ್ಗೆ ಅದರ ನಿಯಮ ಬದಲಾಗಲಿಲ್ಲ.

ಎರಡು ಬಗೆಯಲ್ಲಿ ಯಾವುದು ಸುರಕ್ಷಿತ ಎಂಬ ಪ್ರಶ್ನೆ ಬಂದಾಗಲೆಲ್ಲ ನನಗೆ ನೆನಪಾಗುವುದು 2016ರ ಜುಲೈನ ಎರಡು ದಿನ. ಜುಲೈ 6ರಂದು ಮಿನೆಸೋಟದಲ್ಲಿ ಪೊಲೀಸರು ಕಾರೊಂದನ್ನು ತಡೆದರು. ಚಾಲಕ, ಶಾಲೆಯ ಊಟದ ಮನೆಯಲ್ಲಿ ಕೆಲಸಕ್ಕಿದ್ದ ಕಪ್ಪು ಯುವಕ. ಮುಚ್ಚಿಟ್ಟುಕೊಳ್ಳುವ ಪರವಾನಗಿ ಇತ್ತು. ನನ್ನ ಬಳಿ ಬಂದೂಕಿದೆ ಎಂದು ಪೊಲೀಸನಿಗೆ ತಾನಾಗಿಯೇ ಹೇಳಿದ. ಕೆಲವೇ ಕ್ಷಣದಲ್ಲಿ ಗುಂಡೇಟಿಗೆ ಸತ್ತ. ಗುಂಡು ಹೊಡೆದ ಅಧಿಕಾರಿ ಮರುವರ್ಷ ಖುಲಾಸೆಯಾದ. ಜುಲೈ 7ರಂದು ಇಂಥ ಸಾವುಗಳನ್ನು ಖಂಡಿಸಿ ಡಾಲಸ್ಸಿನಲ್ಲಿ ಮೆರವಣಿಗೆ. ಟೆಕ್ಸಸ್ಸಿನಲ್ಲಿ ಪರವಾನಗಿದಾರರು ಪಿಸ್ತೂಲು ತೋರಿಸಿಕೊಂಡು ಹೋಗುವುದಕ್ಕೂ ಅದೇ ವರ್ಷದ ಜನವರಿ 1ರಿಂದ ಅವಕಾಶ ಸಿಕ್ಕಿತ್ತು. ಮೆರವಣಿಗೆಯಲ್ಲಿ ಇಪ್ಪತ್ತು ಮೂವತ್ತು ಜನ ರೈಫಲ್ ಹೆಗಲಿಗೇರಿಸಿ ಬಂದಿದ್ದರು ಎಂದು ಪೊಲೀಸ್ ಮುಖ್ಯಸ್ಥ ಡೇವಿಡ್ ಬ್ರೌನ್ ಆಮೇಲೆ ಹೇಳಿದರು. ಹಂತಕನೊಬ್ಬ ಐವರು ಪೊಲೀಸರನ್ನು ಕೊಂದಾಗ, ರೈಫಲ್ ಹಿಡಿದವರಲ್ಲಿ ಯಾರು ಒಳ್ಳೆಯವರು ಯಾರು ಕೆಟ್ಟವರು ಎಂದು ಗುರುತಿಸುವುದೇ ಕಷ್ಟವಾಯಿತು. ಮೆರವಣಿಗೆಗೆ ಬಂದಿದ್ದ ಒಬ್ಬ ಕಪ್ಪು ವ್ಯಕ್ತಿಯ ಫೋಟೋವನ್ನು ಪೊಲೀಸರೇ ಶಂಕಿತ ಎಂದು ಟ್ವಿಟರಿಗೆ ಹಾಕಿದರು. ಅವನು ತನ್ನ ರೈಫಲನ್ನು ತಾನೇ ಹೋಗಿ ಪೊಲೀಸರಿಗೆ ಒಪ್ಪಿಸಿದ್ದ.

2022ರ ಜೂನ್‌ನಲ್ಲಿ ಬ್ರೂಯೆನ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ತೀರ್ಪು ಬಂತು. ನ್ಯೂಯಾರ್ಕಿನ ಮರ್ಜಿ ಪರವಾನಗಿ ಸಂವಿಧಾನಬಾಹಿರ, ಮನೆಯ ಹೊರಗೂ ಆತ್ಮರಕ್ಷಣೆಗೆ ಬಂದೂಕು ಒಯ್ಯುವುದು ಹಕ್ಕು ಎಂದು ಆರು ನ್ಯಾಯಮೂರ್ತಿಗಳ ಬಹುಮತ ಹೇಳಿತು. ಕಾನೂನು ಸರಿಯೋ ತಪ್ಪೋ ಎಂದು ಇತಿಹಾಸವನ್ನೇ ಅಳತೆಗೋಲಾಗಿ ಹಿಡಿದು ನೋಡಬೇಕು ಎಂದಿತು. ಆ ಇತಿಹಾಸದಲ್ಲಿ ಇರುವುದು ಏನು? ಮುಚ್ಚಿಡುವುದನ್ನು ತಡೆಯಬಹುದು, ತೋರಿಸುವುದನ್ನು ಬಿಡಬೇಕು ಎನ್ನುವ ಹಳೆಯ ತೀರ್ಪುಗಳು. ಅಂದರೆ ಈಗಿನ ಜನರ ರೂಢಿಗೆ ನೇರ ಎದುರು. ಅಷ್ಟರಲ್ಲಿ ಪರವಾನಗಿಯೇ ಇಲ್ಲದೆ ಮುಚ್ಚಿಟ್ಟುಕೊಳ್ಳಲು ಬಿಡುವ ರಾಜ್ಯಗಳ ಸಂಖ್ಯೆಯೂ ಬೆಳೆಯುತ್ತಿತ್ತು. 2024ರ ಹೊತ್ತಿಗೆ ಅವು 29. ಟೆಕ್ಸಸ್ 2021ರಲ್ಲೇ ಆ ಸಾಲಿಗೆ ಸೇರಿತ್ತು. ಹಾಗಾಗಿ ಅಂಗಡಿ ಬಾಗಿಲಿಗೆ ಮೂರನೆಯ ಬೋರ್ಡೂ ಬಂದಿದೆ, 30.05. ಅದು ಪರವಾನಗಿ ಇಲ್ಲದವರಿಗೆ.

1987ರಲ್ಲಿ ಬಾಗಿಲು ಮುಚ್ಚಿದ್ದ ಫ್ಲೋರಿಡಾದಲ್ಲಿ 2025ರ ಸೆಪ್ಟೆಂಬರ್ 10ರಂದು ಮೇಲ್ಮನವಿ ನ್ಯಾಯಾಲಯವೊಂದು ಬಹಿರಂಗ ಬಂದೂಕಿನ ಮೇಲಿನ ನಿಷೇಧವನ್ನು ರದ್ದು ಮಾಡಿತು. ರಾಜ್ಯದ ಅಟಾರ್ನಿ ಜನರಲ್ ಕೆಲವೇ ದಿನಗಳಲ್ಲಿ ಇನ್ನು ಇದೇ ಇಡೀ ರಾಜ್ಯದ ಕಾನೂನು ಎಂದು ಸುತ್ತೋಲೆ ಕಳಿಸಿದರು. ಅಲ್ಲಿ ಟೆಕ್ಸಸ್ಸಿನಂತೆ ಅಂಗುಲ ಅಳೆದು ಬರೆದ ಬೋರ್ಡಿನ ಪದ್ಧತಿ ಇಲ್ಲ. ಸೊಂಟದಲ್ಲಿ ಪಿಸ್ತೂಲು ಇರುವ ಗ್ರಾಹಕ ಬೇಡವೆಂದರೆ ಅಂಗಡಿಯವರೇ ಅವನ ಮುಂದೆ ನಿಂತು ದಯವಿಟ್ಟು ಹೊರಗೆ ಹೋಗಿ ಎನ್ನಬೇಕು.