ಇನ್‌ಫ್ಲೇಮಬಲ್ ಅಂದರೆ ಬೆಂಕಿ ಹತ್ತುತ್ತದೋ, ಹತ್ತುವುದಿಲ್ಲವೋ?

ಓದುಗರ ಪ್ರಶ್ನೆ: ಕರೆಕ್ಟ್‌ಗೆ ವಿರುದ್ಧ ಪದ ಇನ್‌ಕರೆಕ್ಟ್, ವಿಸಿಬಲ್‌ಗೆ ಇನ್‌ವಿಸಿಬಲ್. ಹಾಗಿದ್ದ ಮೇಲೆ ಪೆಟ್ರೋಲ್ ಟ್ಯಾಂಕರ್ ಹಿಂದೆ ‘ಹೈಲಿ ಇನ್‌ಫ್ಲೇಮಬಲ್’ ಎಂದು ಯಾಕೆ ಬರೆದಿರುತ್ತಾರೆ?

ಉತ್ತರ: ಹತ್ತುತ್ತದೆ, ಅದೂ ಬೇಗ ಹತ್ತುತ್ತದೆ. ಥಿನ್ನರ್ ಡಬ್ಬಿಯ ಮೇಲೆ ಈ ಪದ ಕಂಡರೆ ಒಲೆ, ಬೀಡಿ, ವೆಲ್ಡಿಂಗ್ ಕಿಡಿ ಯಾವುದೂ ಹತ್ತಿರ ಸುಳಿಯಬಾರದು. ಫ್ಲೇಮಬಲ್ ಅಂದರೂ ಇದೇ ಅರ್ಥ. ಬೆಂಕಿ ಹತ್ತದ್ದಕ್ಕೆ ನಾನ್‌ಫ್ಲೇಮಬಲ್ ಎನ್ನಬೇಕು.

ಲ್ಯಾಟಿನ್‌ನಿಂದ ಇಂಗ್ಲಿಷಿಗೆ ಬಂದ ‘ಇನ್’ ಒಂದಲ್ಲ, ಎರಡು. ಗೊಂದಲ ಹುಟ್ಟುವುದೇ ಇಲ್ಲಿ. ಒಂದು ‘ಅಲ್ಲ’ ಎನ್ನುತ್ತದೆ. ಇದು ಸಂಸ್ಕೃತದ ‘ಅ’, ‘ಅನ್’ ಉಪಸರ್ಗಗಳ ದೂರದ ನೆಂಟ. ನಮ್ಮ ಅನ್ಯಾಯ, ಅನಾದಿಗಳಲ್ಲಿ ಇರುವುದೂ ಅದೇ. ಇನ್ನೊಂದು ‘ಒಳಗೆ’, ‘ಮೇಲೆ’ ಎನ್ನುತ್ತದೆ: ಇಂಜೆಕ್ಟ್, ಇಂಪೋರ್ಟ್, ಇನ್‌ವೇಡ್. ಇನ್‌ಫ್ಲೇಮಬಲ್ ಹುಟ್ಟಿದ್ದು ‘ಉರಿ ಹೊತ್ತಿಸು’ ಎಂಬರ್ಥದ ಇನ್‌ಫ್ಲೇಮ್ ಕ್ರಿಯಾಪದದಿಂದ. ವೈದ್ಯರು ಹೇಳುವ ಇನ್‌ಫ್ಲಮೇಶನ್ ಕೂಡ ಅದರ ಕುಡಿಯೇ. ಕನ್ನಡದ ‘ಉರಿಯೂತ’ದಲ್ಲೂ ಆ ಉರಿ ಹಾಗೇ ಉಳಿದಿದೆ. ತಪ್ಪು ತಿಳಿದು ಅಪಾಯವಾದೀತೆಂದು ಅಮೆರಿಕದ ನ್ಯಾಷನಲ್ ಫೈರ್ ಪ್ರೊಟೆಕ್ಷನ್ ಅಸೋಸಿಯೇಶನ್ 1920ರ ದಶಕದಲ್ಲೇ ‘ಫ್ಲೇಮಬಲ್ ಎಂದೇ ಬರೆಯಿರಿ’ ಎಂದು ಒತ್ತಾಯಿಸಿತು. ಅದು ಸರಿಯಾದ ಮಾತು. ನಮ್ಮ ಟ್ಯಾಂಕರ್‌ಗಳ ಮೇಲೂ ಫ್ಲೇಮಬಲ್ ಎಂದಿದ್ದರೇ ಒಳ್ಳೆಯದು.

ಗುರುತಿಸುವುದು ಹೇಗೆ? ‘ಇನ್’ ತೆಗೆದು ನೋಡಿ. ಉಳಿದದ್ದು ಗುಣವಾಚಕವಾದರೆ ಬಹುಮಟ್ಟಿಗೆ ‘ಅಲ್ಲ’ ಎಂಬ ಅರ್ಥ. ಆದರೆ ಇಡೀ ಪದವೇ ಕ್ರಿಯಾಪದವಾದರೆ, ಅಥವಾ ಅಂಥ ಕ್ರಿಯಾಪದಕ್ಕೆ ‘ಏಬಲ್’ ಸೇರಿ ಆಗಿದ್ದರೆ, ಹೆಚ್ಚಾಗಿ ‘ಒಳಗೆ’. ಹೀಗಾಗಿ ಇನ್‌ಹ್ಯಾಬಿಟ್‌ನಿಂದ ಬಂದ ಇನ್‌ಹ್ಯಾಬಿಟಬಲ್ ಅಂದರೆ ವಾಸಯೋಗ್ಯ. ವಾಸಕ್ಕೆ ಆಗದ್ದು ಅನ್‌ಇನ್‌ಹ್ಯಾಬಿಟಬಲ್. ಇನ್‌ವ್ಯಾಲ್ಯುಏಬಲ್‌ನಲ್ಲಿ ಮಾತ್ರ ಎಚ್ಚರ: ಅಲ್ಲಿರುವುದು ‘ಅಲ್ಲ’ವೇ, ಆದರೆ ಅರ್ಥ ‘ಬೆಲೆಯಿಲ್ಲದ್ದು’ ಅಲ್ಲ, ‘ಬೆಲೆ ಕಟ್ಟಲಾಗದ್ದು’. ನಮ್ಮ ‘ಅಮೂಲ್ಯ’ವೂ ಇದೇ ಅಚ್ಚಿನದು.

ಈ ‘ಇನ್’ ಮುಂದಿನ ಅಕ್ಷರಕ್ಕೆ ತಕ್ಕಂತೆ ವೇಷ ಬದಲಿಸುತ್ತದೆ. ಪಿ, ಬಿ, ಎಂ ಮುಂದೆ ಇಂ. ಎಲ್ ಮುಂದೆ ಇಲ್. ಆರ್ ಮುಂದೆ ಇರ್. ಉತ್ ಮತ್ತು ಲೇಖ ಸೇರಿ ಉಲ್ಲೇಖವಾದಂತೆ ಇನ್ ಮತ್ತು ಲೀಗಲ್ ಸೇರಿ ಇಲ್ಲೀಗಲ್. ಕನ್ನಡದ ಸೊನ್ನೆಯೂ ‘ದಂತ’ದಲ್ಲಿ ನ್, ‘ಕಂಬ’ದಲ್ಲಿ ಮ್ ಆಗುವುದರಿಂದ ‘ಇಂಪಾಸಿಬಲ್’ ಎಂದು ಬರೆದರೆ ಸರಿಯಾದ ಉಚ್ಚಾರ ತಾನಾಗಿ ಬರುತ್ತದೆ. ಇಂಗ್ಲಿಷಿನ ಮನೆಮಗನಾದ ‘ಅನ್’ ಮಾತ್ರ ಬರವಣಿಗೆಯಲ್ಲಿ ಯಾರ ಮುಂದೆಯೂ ಬದಲಾಗದು: ಅನ್‌ಲೈಕ್ಲಿ, ಅನ್‌ರಿಯಲ್.

ಕಾಗುಣಿತ ತಪ್ಪುವುದೂ ಈ ಬೆಸುಗೆಯಲ್ಲೇ. ಇರೆಗ್ಯುಲರ್‌ಗೆ ಎರಡು ಆರ್, ಇಮ್ಮೆಚ್ಯೂರ್‌ಗೆ ಎರಡು ಎಂ: ಒಂದು ಉಪಸರ್ಗದ್ದು, ಒಂದು ಮೂಲ ಪದದ್ದು. ಇನ್ನಾಕ್ಯುವಸ್, ಅಂದರೆ ನಿರಪಾಯಕರ ಎಂಬ ಪದಕ್ಕೂ ಹೀಗೆಯೇ ಎರಡು ಎನ್. ಆದರೆ ಲಸಿಕೆಯ ಇನಾಕ್ಯುಲೇಟ್‌ಗೆ ಒಂದೇ ಎನ್, ಒಂದೇ ಸಿ. ಅದರ ಮೂಲ ಪದ ‘ಆಕ್ಯುಲಸ್’. ಲ್ಯಾಟಿನ್‌ನಲ್ಲಿ ಕಣ್ಣು, ಗಿಡದ ಮೊಗ್ಗೂ ಹೌದು. ನಮ್ಮ ತೋಟಗಾರರು ‘ಕಣ್ಣು ಕಸಿ’ ಎನ್ನುವ ಕೆಲಸಕ್ಕೇ ಈ ಪದ ಮೊದಲು ಸಲ್ಲುತ್ತಿತ್ತು.