ಕಿರಣ್ ಯಾಕೆ ಇಷ್ಟು ದಿನ ರಿಟೈರ್ ಆಗಲಿಲ್ಲ?

ನಮ್ಮ ಬೀದಿಯ ಕೊನೇ ಮನೆಯವರು ವಾಯುಪಡೆಯಲ್ಲಿ ಏರ್‌ಮನ್ ಆಗಿದ್ದವರು, ಅಂದರೆ ನೆಲದ ಮೇಲೆ ವಿಮಾನ ನೋಡಿಕೊಳ್ಳುವ ಕೆಲಸ. ಊರು ಆಲೂರು ಕಡೆ. ನಿವೃತ್ತಿ ಆದ ಮೇಲೆ ಹಾಸನದಲ್ಲಿ ಮನೆ ಕಟ್ಟಿಸಿದರು. ವಾಯುಪಡೆಯೇ ಆದರೂ ನಮಗೆಲ್ಲ ಅವರು 'ಮಿಲ್ಟ್ರಿ ಮಾವ'. ನಮ್ಮ ಕಡೆ ಯೂನಿಫಾರ್ಮ್ ಹಾಕಿ ದೂರದೂರಿಗೆ ಹೋದವರೆಲ್ಲ ಮಿಲ್ಟ್ರಿಯೇ, ಅಲ್ವಾ? ಮೊನ್ನೆ ಟೀ ಅಂಗಡಿ ಮುಂದೆ ಅವರು ಪೇಪರ್ ಮಡಚಿ, "ಕಿರಣ್ ಕೂಡ ಹೊರಟ್ನಪ್ಪ" ಅಂದರು. ಪಕ್ಕದಲ್ಲಿದ್ದವರು ಗಾಬರಿಯಾಗಿ "ಯಾವ ಕಿರಣ್? ಕೆಇಬಿ ಕಿರಣಾ?" ಅಂತ ಕೇಳಿದರು.

ಮಾವ ಹೇಳಿದ್ದು ಎಚ್‌ಜೆಟಿ-16 ಕಿರಣ್ ಎಂಬ ತರಬೇತಿ ವಿಮಾನದ ಬಗ್ಗೆ. ಬೆಂಗಳೂರಿನ ವಿಮಾನ ಕಾರ್ಖಾನೆ ಎಚ್‌ಎಎಲ್‌ನಲ್ಲಿ ಹುಟ್ಟಿದ ಜೆಟ್ ಇದು. 1964ರಲ್ಲಿ ಮೊದಲ ಸಲ ಹಾರಿದ್ದು ಈಗ ಹಂತಹಂತವಾಗಿ ಸೇವೆಯಿಂದ ಹೊರಗೆ ಹೋಗುತ್ತಿದೆ. ಇಷ್ಟು ದಿನ ಬಾಳಿತಲ್ಲ, ಎಂಥ ಗಟ್ಟಿ ವಿಮಾನ ಎಂದು ಹೊಗಳುವವರೇ ಜಾಸ್ತಿ. ಗಟ್ಟಿ ಅನ್ನುವುದೇನೋ ನಿಜ. ಆದರೆ ಅದು ಇಷ್ಟು ದಿನ ದುಡಿಯಲು ದೊಡ್ಡ ಕಾರಣ ಬೇರೆಯೇ ಇದೆ. ಅದರ ಜಾಗಕ್ಕೆ ಬರಬೇಕಾದವರು ಬರಲೇ ಇಲ್ಲ.

ಕಥೆ ಶುರುವಾಗುವುದು ಇನ್ನೂ ಹಿಂದೆ, ಎಚ್‌ಟಿ-2 ಎಂಬ ಪುಟ್ಟ ವಿಮಾನದಿಂದ. 1951ರಲ್ಲಿ ಹಾರಿದ ಇದು ಸ್ವತಂತ್ರ ಭಾರತ ತಾನೇ ವಿನ್ಯಾಸ ಮಾಡಿ ಕಟ್ಟಿದ ಮೊದಲ ವಿಮಾನ. ಅದರ ಹಿಂದಿದ್ದವರು ಎಚ್‌ಎಎಲ್‌ನ ವಿನ್ಯಾಸಕ ವಿ.ಎಂ. ಘಾಟಗೆ. ಹೊಸ ಹುಡುಗರು ಮೊದಲು ಎಚ್‌ಟಿ-2ರಲ್ಲಿ ಹಾರಲು ಕಲಿಯುತ್ತಿದ್ದರು. ಆಮೇಲೆ ಜೆಟ್ ಕಲಿಯಬೇಕಲ್ಲ? ಅದಕ್ಕೂ ನಮ್ಮದೇ ವಿಮಾನ ಬೇಕು ಎಂದು ಘಾಟಗೆಯವರ ತಂಡವೇ ಕಿರಣ್ ಕೆಲಸಕ್ಕೆ ಕೈ ಹಾಕಿತು. 1964ರ ಸೆಪ್ಟೆಂಬರ್ 4ರಂದು ಟೆಸ್ಟ್ ಪೈಲಟ್ ಸುರಂಜನ್ ದಾಸ್ ಅದನ್ನು ಮೊದಲ ಬಾರಿ ಹಾರಿಸಿದರು. ಬೆಂಗಳೂರಿನ ಸುರಂಜನ್ ದಾಸ್ ರಸ್ತೆಯ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡವರಿಗೆ ಹೆಸರು ಗೊತ್ತು, ಮನುಷ್ಯ ಗೊತ್ತಿಲ್ಲ. 1970ರಲ್ಲಿ ಎಚ್‌ಎಫ್-24 ಯುದ್ಧವಿಮಾನದ ಪರೀಕ್ಷೆಯಲ್ಲಿ ಅವರು ತೀರಿಕೊಂಡರು.

1968ರಲ್ಲಿ ಕಿರಣ್ ವಾಯುಪಡೆಗೆ ಸೇರಿತು. ಒಳಗೆ ಎರಡು ಸೀಟು, ಅಕ್ಕಪಕ್ಕ. ಯುದ್ಧವಿಮಾನದಲ್ಲಿ ಸಾಮಾನ್ಯವಾಗಿ ಹೀಗಿರುವುದಿಲ್ಲ. ಡ್ರೈವಿಂಗ್ ಸ್ಕೂಲ್ ಕಾರು ನೆನಪಿಸಿಕೊಳ್ಳಿ. ಮೇಷ್ಟ್ರು ಪಕ್ಕದಲ್ಲೇ ಕೂತಿರುತ್ತಾರೆ, ಅವರ ಕಾಲ ಕೆಳಗೂ ಒಂದು ಬ್ರೇಕ್. ಕಿರಣ್‌ನಲ್ಲೂ ಅದೇ ಲೆಕ್ಕ. ಹುಡುಗನ ಕೈ ನಡುಗಿದರೆ ಕಲಿಸುವವರಿಗೆ ಅಲ್ಲೇ ಕಾಣುತ್ತದೆ. ಎಲ್ಲ ಮಾದರಿ ಸೇರಿ ಸುಮಾರು 250 ಕಿರಣ್‌ಗಳು ತಯಾರಾದವು. ಮೊದಲು ಬಂದವುಗಳಲ್ಲಿ ವೈಪರ್ ಎಂಜಿನ್, ಆಮೇಲೆ ಬಂದ ಮಾರ್ಕ್-2ರಲ್ಲಿ ಇನ್ನಷ್ಟು ಬಲವಿದ್ದ ಆರ್ಫಿಯಸ್. 1989ಕ್ಕೆ ತಯಾರಿಕೆ ನಿಂತಿತು. ಅಂದರೆ ಇವತ್ತು ಹಾರುವ ಕಿರಣ್‌ಗಳಲ್ಲಿ ತೀರಾ ಚಿಕ್ಕದಕ್ಕೂ 35 ದಾಟಿದೆ.

ಪೈಲಟ್ ಆಗುವ ಹಾದಿ ಒಂದು ಏಣಿ. ಮೊದಲ ಮೆಟ್ಟಿಲಲ್ಲಿ ಚಿಕ್ಕ ಪ್ರೊಪೆಲರ್ ವಿಮಾನ, ನಡುವಿನದರಲ್ಲಿ ಕಿರಣ್, ಮೂರನೆಯದರಲ್ಲಿ ವೇಗದ ತರಬೇತಿ ಜೆಟ್, ಅದಾದ ಮೇಲೆ ಯುದ್ಧವಿಮಾನ. ನಮ್ಮಲ್ಲಿ ಆ ಮೂರನೇ ಮೆಟ್ಟಿಲು ಬಹಳ ಕಾಲ ಇರಲೇ ಇಲ್ಲ. ಕಿರಣ್ ಅಥವಾ ಪೋಲೆಂಡಿನ ತರಬೇತಿ ಜೆಟ್ ಇಸ್ಕ್ರಾ ಹಾರಿಸಿದ ಹುಡುಗ ನೇರ ಮಿಗ್-21 ಯುದ್ಧವಿಮಾನದ ಕಡೆಗೆ ಹೋಗಬೇಕಿತ್ತು. ಗಂಟೆಗೆ 300 ಕಿ.ಮೀ. ಮೀರಿದ ವೇಗದಲ್ಲಿ ನೆಲ ಮುಟ್ಟುವ ವಿಮಾನ ಅದು. ಅದರ ಮುಂದೆ ಕಿರಣ್ ಎತ್ತಿನಗಾಡಿ. ನಡುವೆ ಇನ್ನೊಂದು ವಿಮಾನ ಬೇಕೆಂದು, ವಾಯುಪಡೆಯ ಅಪಘಾತಗಳನ್ನು ಪರಿಶೀಲಿಸಿದ ಲಾ ಫಾಂಟೇನ್ ಸಮಿತಿ 1982ರಲ್ಲೇ ಹೇಳಿತ್ತು. ಆ ಮೂರನೇ ಮೆಟ್ಟಿಲಿಗೆ ಆರಿಸಿದ ಹಾಕ್ ವಿಮಾನದ ಒಪ್ಪಂದಕ್ಕೆ ಸಹಿ ಬಿದ್ದದ್ದು 2004ರಲ್ಲಿ. ಬೀದರ್‌ನಲ್ಲಿ ಅವು ವಿಧಿವತ್ತಾಗಿ ವಾಯುಪಡೆಗೆ ಸೇರಿದ್ದು 2008ರಲ್ಲಿ. ಸಮಿತಿ ವರದಿ ಕೊಟ್ಟ ವರ್ಷ ಹುಟ್ಟಿದ ಮಗುವಿಗೆ ಅಷ್ಟೊತ್ತಿಗೆ ಮದುವೆ ವಯಸ್ಸು.

ಸರಿ, ಮೇಲಿನ ಮೆಟ್ಟಿಲು ಬಂತು ಅನ್ನುವಷ್ಟರಲ್ಲಿ ಕೆಳಗಿನದು ಮುರಿಯಿತು. ಎಚ್‌ಟಿ-2ರ ಜಾಗಕ್ಕೆ ಬಂದಿದ್ದ ಎಚ್‌ಪಿಟಿ-32 ದೀಪಕ್ ಕೂಡ ಎಚ್‌ಎಎಲ್‌ನದ್ದೇ. ಹಾರುವಾಗಲೇ ಎಂಜಿನ್ ನಿಂತುಹೋಗುವ ಕಾಯಿಲೆ ಅದಕ್ಕೆ ಅಂಟಿಕೊಂಡಿತ್ತು. ಹಾರಿಬಿದ್ದು ಪಾರಾಗಲು ಇಜೆಕ್ಷನ್ ಸೀಟೂ ಇರಲಿಲ್ಲ. ಒಟ್ಟು 17 ಅಪಘಾತಗಳಲ್ಲಿ 19 ಪೈಲಟ್‌ಗಳು ಹೋದರು. 2009ರ ಜುಲೈ 31ರಂದು ಇಬ್ಬರು ತರಬೇತುದಾರರೇ ಸತ್ತ ಮೇಲೆ ದೀಪಕ್‌ಗಳನ್ನೆಲ್ಲ ನೆಲಕ್ಕಿಳಿಸಿದರು. ಮತ್ತೆ ಅವು ಏಳಲಿಲ್ಲ.

ಹಾಗಂತ ಹುಡುಗರಿಗೆ ರಜೆ ಕೊಡಲು ಆಗುತ್ತಾ? ಅಆಇಈ ಕಲಿಸುವ ಕೆಲಸವೂ ಕಿರಣ್ ತಲೆಗೇ ಬಂತು. ಹೈಸ್ಕೂಲ್ ಮೇಷ್ಟ್ರಿಗೆ ಒಂದನೇ ಕ್ಲಾಸೂ ನೀವೇ ನೋಡಿಕೊಳ್ಳಿ ಅಂದ ಹಾಗೆ. ಇದರ ಪೆಟ್ಟು ಬಿದ್ದದ್ದು ಆಕಾಶದಲ್ಲಿ ಕಸರತ್ತು ತೋರಿಸುವ, ನಮ್ಮೆಲ್ಲರ ಅಚ್ಚುಮೆಚ್ಚಿನ ಸೂರ್ಯಕಿರಣ್ ತಂಡಕ್ಕೆ. ನಮ್ಮ ಜಿಲ್ಲೆಯ ದೇವೇಗೌಡರು ಪ್ರಧಾನಿಯಾಗುವುದಕ್ಕೆ ಕೆಲವೇ ದಿನ ಮುಂಚೆ, 1996ರ ಮೇ ತಿಂಗಳಲ್ಲಿ ಹುಟ್ಟಿದ ತಂಡ ಅದು. ಬೀದರ್ ಅದರ ಮನೆ. ಒಂಬತ್ತು ಕೆಂಪು ಬಿಳಿ ಕಿರಣ್‌ಗಳು ರೆಕ್ಕೆಗೆ ರೆಕ್ಕೆ ತಾಗುವಂತೆ ಹಾರುವುದನ್ನು ನೋಡಲೆಂದೇ ಹಾಸನದಿಂದ ಬೆಳಗಿನ ಜಾವದ ಬಸ್ಸು ಹಿಡಿದು ಯಲಹಂಕಕ್ಕೆ ಹೋದವರಲ್ಲಿ ನಾನೂ ಒಬ್ಬ. ಅಲ್ಲಿ ನಡೆಯುವ ವಿಮಾನ ಪ್ರದರ್ಶನ ಏರೋ ಇಂಡಿಯಾ 2011ರಲ್ಲಿ ಮುಗಿದ ಮೇಲೆ ಆ ವಿಮಾನಗಳನ್ನು ಪಾಠಕ್ಕೆ ಕಳಿಸಿದರು. ಕೆಲವು ವರ್ಷಗಳ ನಂತರ ತಂಡ ಮತ್ತೆ ಬಂತು, ಆದರೆ ಹಾಕ್ ಏರಿಕೊಂಡು. ಹೆಸರಲ್ಲಿ ಮಾತ್ರ ಕಿರಣ್ ಉಳಿಯಿತು.

ವಿಮಾನದ ವಯಸ್ಸನ್ನು ವರ್ಷಕ್ಕಿಂತ ಹಾರಿದ ಗಂಟೆಗಳಲ್ಲಿ, ಇಳಿದ ಲೆಕ್ಕದಲ್ಲಿ ಅಳೆಯುತ್ತಾರೆ. ಬೈಂಡಿಂಗ್ ವೈರನ್ನು ಆ ಕಡೆ ಈ ಕಡೆ ಬಗ್ಗಿಸುತ್ತಾ ಇದ್ದರೆ ಒಂದು ಹೊತ್ತಿಗೆ ಪಟ್ಟನೆ ಮುರಿಯುತ್ತದಲ್ಲ, ಲೋಹದ ದಣಿವು ಅಂದರೆ ಅದೇ. ರೆಕ್ಕೆ ಪ್ರತಿ ತಿರುವಿನಲ್ಲೂ ಒಂದಿಷ್ಟು ಬಾಗುತ್ತದೆ. ತರಬೇತಿ ವಿಮಾನದ ಪಾಡು ಇನ್ನೂ ಕಷ್ಟ. ಕಲಿಯುವವನು ಅದನ್ನು ದಿನಕ್ಕೆ ಹತ್ತಾರು ಸಲ ಏರಿಸಿ ಇಳಿಸುತ್ತಾನೆ, ಕೆಲವು ಸಲ ದೊಪ್ ಎಂದು ಬೀಳಿಸುತ್ತಾನೆ. ಪ್ರತಿ ದೊಪ್ಪಿಗೂ ಮಾವನಂಥವರು ಕೆಳಗೆ ತೂರಿ ಬಿರುಕು ಹುಡುಕಬೇಕು. ತಯಾರಿಕೆಯೇ ನಿಂತುಹೋದ ವಿಮಾನಕ್ಕೆ ಬಿಡಿಭಾಗವನ್ನು ಎಲ್ಲಿಂದ ತರುವುದು? ಸಕಲೇಶಪುರದ ತೋಟಗಳ ಹಳೇ ಜೀಪಿನ ಕಥೆಯೇ ಇಲ್ಲೂ. ಒಂದನ್ನು ಬಿಚ್ಚಿ ಇನ್ನೊಂದಕ್ಕೆ ಹಾಕು.

ಕಿರಣ್ ಜಾಗಕ್ಕೆ ಬರಬೇಕಾದದ್ದು ಎಚ್‌ಜೆಟಿ-36 ಸಿತಾರಾ. 2003ರ ಮಾರ್ಚ್‌ನಲ್ಲಿ ಹಾರಿತು, ನೋಡಲು ಚೆಂದ ಇತ್ತು. (ದೀಪಕ್, ಕಿರಣ್, ಸಿತಾರಾ: ಹೆಸರಿಡುವವರಿಗೆ ಬೆಳಕು ಬಿಟ್ಟರೆ ಬೇರೇನೂ ಹೊಳೆಯಲಿಲ್ಲವೇನೋ.) 2007ರ ಏರೋ ಇಂಡಿಯಾದಲ್ಲಿ ಓಟದ ನಡುವೆಯೇ ಅದರ ಮೇಲಿನ ಗಾಜಿನ ಮುಚ್ಚಳ ತೆರೆದುಕೊಂಡು, ವಿಮಾನ ರನ್‌ವೇ ಬಿಟ್ಟು ಜಾರಿತು. ಎಂಜಿನ್ ಬದಲಾಯಿಸಿದರು. 2011ರಲ್ಲಿ ಒಂದು ತಮಿಳುನಾಡಿನಲ್ಲಿ ಬಿತ್ತು, ಪೈಲಟ್‌ಗಳು ಉಳಿದರು. ಎಲ್ಲಕ್ಕಿಂತ ದೊಡ್ಡ ತಲೆನೋವು ಸ್ಪಿನ್. ಅಂದರೆ ವಿಮಾನ ಹಿಡಿತ ತಪ್ಪಿ ಬುಗುರಿಯಂತೆ ಸುತ್ತುತ್ತಾ ಕೆಳಗಿಳಿಯುವುದು. ಬೇಕಂತಲೇ ಸ್ಪಿನ್‌ಗೆ ಹಾಕಿ, ಅದರಿಂದ ಹೊರಬರುವುದನ್ನು ತರಬೇತಿ ವಿಮಾನದಲ್ಲೇ ಕಲಿಸಬೇಕು. ಸಿತಾರಾ ಇಲ್ಲೇ ವರ್ಷಗಟ್ಟಲೆ ಸಿಕ್ಕಿಬಿತ್ತು. ಬಾಲವನ್ನೇ ತಿದ್ದಬೇಕಾಯಿತು. 2025ರಲ್ಲಿ ಅದಕ್ಕೆ 'ಯಶಸ್' ಎಂದು ಹೊಸ ಹೆಸರಿಟ್ಟರು. ಬೆಳಕಿನ ಸಹವಾಸ ಸಾಕೆನಿಸಿರಬೇಕು.

ಕೆಳಗಿನ ಮೆಟ್ಟಿಲಿಗೆ ಮಾತ್ರ ಬೇಗ ದಾರಿ ಸಿಕ್ಕಿತು. ಸ್ವಿಟ್ಜರ್ಲೆಂಡಿನ 75 ಪಿಲಾಟಸ್ ವಿಮಾನಗಳಿಗೆ 2012ರಲ್ಲಿ ಒಪ್ಪಂದವಾಗಿ, ಮರುವರ್ಷವೇ ಪಾಠ ಶುರುವಾಯಿತು. ಅದೇ ಮೆಟ್ಟಿಲಿಗೆ ಎಚ್‌ಎಎಲ್ ಮಾಡಿದ ಎಚ್‌ಟಿಟಿ-40 ವಿಮಾನ 2016ರಲ್ಲಿ ಹಾರಿತು. 70 ವಿಮಾನಗಳ ಆರ್ಡರ್ ಸಿಕ್ಕಿದ್ದು 2023ರಲ್ಲಿ. ಅದೇ 2023ರ ಜೂನ್ 1ರಂದು ಬೆಂಗಳೂರಿನಿಂದ ಹೊರಟ ಒಂದು ಕಿರಣ್ ಚಾಮರಾಜನಗರದ ಹತ್ತಿರ ಹೊಲಕ್ಕೆ ಬಿತ್ತು. ಇಜೆಕ್ಷನ್ ಸೀಟು ಇದ್ದದ್ದರಿಂದ ಇಬ್ಬರೂ ಬದುಕಿದರು.

ಹಾಸನಕ್ಕೆ ಆಕಾಶ ಹೊಸದೇನಲ್ಲ. ಇಸ್ರೋದ ನಿಯಂತ್ರಣ ಕೇಂದ್ರ ಎಂಸಿಎಫ್‌ನಲ್ಲಿ ಕೂತು ಉಪಗ್ರಹಗಳನ್ನು ನೋಡಿಕೊಳ್ಳುವ ಊರು ಇದು. ಬೂವನಹಳ್ಳಿ ಏರ್‌ಪೋರ್ಟ್ ಮಾತು ಮಾತ್ರ ಎಷ್ಟೋ ವರ್ಷದಿಂದ ನಡೆಯುತ್ತಲೇ ಇದೆ. ಹಾಗಾಗಿ ಕಿರಣ್ ನೋಡಬೇಕೆಂದರೆ ನಾವು ಬೆಂಗಳೂರಿಗೇ ಹೋಗಬೇಕು. ಹಳೇ ಏರ್‌ಪೋರ್ಟ್ ರಸ್ತೆಯ ಎಚ್‌ಎಎಲ್ ಮ್ಯೂಸಿಯಂನಲ್ಲಿ ಒಂದು ನಿಂತಿದೆ, ಅಲ್ಲೇ ಎಚ್‌ಟಿ-2 ಕೂಡ ಇದೆ. ಮಿಲ್ಟ್ರಿ ಮಾವ ಮೊಮ್ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದರಂತೆ. ಮಕ್ಕಳು ಮುಂದೆ ನಿಂತು ಸೆಲ್ಫಿ ತೆಗೆದುಕೊಂಡರು. ಇವರು ಅಭ್ಯಾಸ ಬಲದಿಂದ ಬಗ್ಗಿ ಚಕ್ರದ ಗೂಡಿನೊಳಗೆ ಇಣುಕಿದರು. ಬಂದ ಮೇಲೆ ವಾರಗಟ್ಟಲೆ ಅವರದ್ದು ಒಂದೇ ಗೊಣಗಾಟ: ಟೈರಿಗೆ ಗಾಳಿ ಕಮ್ಮಿ ಇತ್ತು, ಯಾರೂ ನೋಡ್ತಾ ಇಲ್ಲ.